ಉರಿನುಂಗನ ಗಂಟೆಯೂ ಹುಲ್ಲಪ್ಪನ ವಲ್ಲಿಯೂ

ಬೆಟ್ಟಗಳಿಗೆ ಇನ್ನೂ ಮೀಸೆ ಚಿಗುರುತ್ತಿದ್ದ ಕಾಲ ಅದು. ಆಗ ಗಂಟೆನಾಡು ಅಂತ ಒಂದು ರಾಜ್ಯವಿತ್ತು. ಆಳುತ್ತಿದ್ದವನು ಕಡಗದ ರಾಯ. ಅವನ ಬಲಗೈಯ ಕಡಗ ಎಷ್ಟು ಭಾರ ಅಂದರೆ, ಯಾರಿಗಾದರೂ ಆಶೀರ್ವಾದ ಮಾಡಬೇಕಾದರೆ ಇಬ್ಬರು ಪೈಲ್ವಾನರು ಆ ಕೈಯನ್ನು ಎತ್ತಿ ಹಿಡಿಯಬೇಕಿತ್ತು. ನಂಬದವರು ಹೋಗಿ ಆ ಪೈಲ್ವಾನರನ್ನೇ ಕೇಳಬಹುದು.

ಆ ನಾಡಿನಲ್ಲಿ ದೊಡ್ಡ ಕೆಲಸಗಳೆಲ್ಲ ಆಗುತ್ತಿದ್ದದ್ದು ಗಂಟೆಯಿಂದ. ಒಂದೊಂದು ಗಂಟೆಗೆ ಒಂದೊಂದು ಹೆಸರು. ಮಳೆಗಂಟೆ ಎಳೆದರೆ ಮೋಡದ ಎಮ್ಮೆ ಬಂದು ಕೆರೆ ತುಂಬಿಸಿ ಹೋಗುತ್ತಿತ್ತು. ಬಾಗಿಲಗಂಟೆ ಎಳೆದರೆ ಕಲ್ಲಾಮೆ ಬಂದು ಕೋಟೆಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿತ್ತು. ಗಂಟೆಗೂ ಪ್ರಾಣಿಗೂ ನಡುವೆ ಹಗ್ಗ. ಆ ಹಗ್ಗ ಕಟ್ಟುವವನು ಕೊಂಡಿತಾತ. ಅವನಿಗೆ ಸಾವಿರ ಕೈ. ದಿನಾ ಬೆಳಗ್ಗೆ ಹಳೇ ಗಂಟುಗಳನ್ನೆಲ್ಲ ಬಿಚ್ಚುವನು, ಗಂಟೆಗಳ ಮೇಲೆ ಬರೆದ ಪ್ರಾಣಿಗಳ ಹೆಸರನ್ನು ಒಂದೊಂದಾಗಿ ಕೂಗುವನು, "ಓ" ಅಂದವರಿಗೆ ಹಗ್ಗ ಕಟ್ಟಿ ಮುಂದಕ್ಕೆ ಹೋಗುವನು. ಒಬ್ಬನ ಜೊತೆಗೂ ಹರಟೆಯಿಲ್ಲ.

ಕೋಟೆಯ ಎದುರು ಗುಡ್ಡದ ಮೇಲೆ ಮಣ್ಣಿನ ಪುಟ್ಟ ಕೋಟೆಯೊಂದಿತ್ತು. ಅದಕ್ಕೆ ಒರೆಗೋಟೆ ಅಂತ ಹೆಸರು. ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿ ನೋಡುವ ಹಾಗೆ, ಗಂಟೆಗಳನ್ನು ಮೊದಲು ಅಲ್ಲಿ ಎಳೆದು ನೋಡುತ್ತಿದ್ದರು. ಅಲ್ಲಿ ಗೆದ್ದ ಗಂಟೆಗೆ ಮಾತ್ರ ದೊಡ್ಡ ಕೋಟೆಯಲ್ಲಿ ಜಾಗ. ದಿನಾ ನಿಜದ ಪ್ರಾಣಿಗಳನ್ನೇ ಕರೆಸಿದರೆ ಅವಕ್ಕೂ ಆಯಾಸ, ಮಣ್ಣಿನ ಗೋಡೆಗೂ ಅಪಾಯ. ಅದಕ್ಕೇ ಒಂದೊಂದು ಪೀಠದ ಮೇಲೆ ಒಂದೊಂದು ಹುಲ್ಲಿನ ಗೊಂಬೆ ಕೂರಿಸಿ, ಅದರ ಹೆಗಲಿಗೆ ಒಂದು ಬಿಳಿ ವಲ್ಲಿ ಬಟ್ಟೆ ಹೊದಿಸುತ್ತಿದ್ದರು. ಆ ವಲ್ಲಿ ಹೇಳುತ್ತಿದ್ದದ್ದು ಇಷ್ಟೇ: 'ಈ ಜಾಗ ನನ್ನದಲ್ಲ, ದೊಡ್ಡವರದು. ಅವರು ಬಂದ ಕ್ಷಣ ನಾನು ಏಳುತ್ತೇನೆ.'

ಗಂಟೆನಾಡಿನಲ್ಲಿ ವಲ್ಲಿ ಅಂದರೆ ವಲ್ಲಿ! ಜಾಗ ಹಿಡಿಯಲು ಹಾಕಿದ ವಲ್ಲಿಯನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಒಮ್ಮೆ ಯಾರೋ ಸಿಂಹಾಸನದ ಮೇಲೆ ವಲ್ಲಿ ಮರೆತು ಹೋಗಿದ್ದಕ್ಕೆ ಕಡಗದ ರಾಯ ಮೂರು ತಿಂಗಳು ಪಕ್ಕದಲ್ಲಿ ನಿಂತೇ ರಾಜ್ಯ ಆಳಿದ್ದ.

ಒರೆಗೋಟೆಯಲ್ಲಿ ಗಂಟೆ ಎಳೆದು ನೋಡುವ ಒರೆಗಾರ್ತಿಯ ಹೆಸರು ಚೆನ್ನಾಜಿ. ಮೈಯೆಲ್ಲ ಧೈರ್ಯದ ಹೆಣ್ಣುಮಗಳು. ಅವಳು ಒಂದು ದಿನ ಬಿಸಿಬೂದಿಯಲ್ಲಿ ಒಂದು ಮೊಟ್ಟೆ ಕಂಡು, ಮಡಿಲಲ್ಲಿಟ್ಟುಕೊಂಡು ಕಾವು ಕೊಟ್ಟಳು. ಮೂರು ಸೀರೆ ಸುಟ್ಟುಹೋದವು, ನಾಲ್ಕನೆಯದರಲ್ಲಿ ಮರಿ ಹೊರಗೆ ಬಂತು. ಆನೆಯ ಮೈ, ಕಪ್ಪೆಯ ಬಾಯಿ. ಕೆಂಡವೇ ಅದರ ಊಟ. ಉರಿನುಂಗ ಅಂತ ಹೆಸರಿಟ್ಟಳು. ಅವನು ದೊಡ್ಡವನಾಗುತ್ತ ಒಂದು ತುತ್ತಿಗೆ ಒಂದು ಕಾಡ್ಗಿಚ್ಚು ನುಂಗುವಂತಾದ. ಆದರೂ ಜಿರಲೆ ಕಂಡರೆ ಇವಳ ಸೆರಗಿನ ಹಿಂದೆ ಅಡಗುತ್ತಿದ್ದ.

ಮಿಕ್ಕ ಪ್ರಾಣಿಗಳೆಲ್ಲ ಒರೆಗೋಟೆಯ ಅಂಗಳದಲ್ಲೇ ಇರುತ್ತಿದ್ದವು. ಉರಿನುಂಗ ಸೀನಿದರೆ ಕಿಡಿ ಹಾರುತ್ತದೆ ಅಂತ ಅವನನ್ನೊಬ್ಬನನ್ನು ಗುಡ್ಡದಾಚೆಯ ಉಗ್ರಾಣದ ಏಳನೇ ಕೋಣೆಯಲ್ಲಿ ಇಟ್ಟಿದ್ದರು. ಜೊತೆಗೆ ಪಿಟ್ಟಿ ಅನ್ನುವ ಗೊರವಂಕ. ಅವನ ಬೆನ್ನ ಮೇಲೆ ಕೂತು ಬೂದಿ ಕುಕ್ಕಿ ತೆಗೆಯುವುದೇ ಅದರ ಕೆಲಸ.

ಹೀಗಿರಲು ಕರಿಗುಡ್ಡದ ಮಾಟಗಾರ ಬೂದಿಗಣ್ಣನಿಂದ ಒಂದು ಬಾಣ ಬಂದು ರಾಯನ ಊಟದೆಲೆಯ ನಟ್ಟನಡುವೆ ನಾಟಿತು. ಬಾಣದ ಬಾಲದಲ್ಲಿ ಓಲೆ: "ಇನ್ನು ಮೂರು ದಿನಕ್ಕೆ, ನಡುಮಧ್ಯಾಹ್ನ, ನನ್ನ ಬೆಂಕಿಕೊಕ್ಕರೆ ಬರುತ್ತದೆ. ಮೊದಲು ಒರೆಗೋಟೆ, ಆಮೇಲೆ ನಿನ್ನ ಮೀಸೆ."

"ನಮ್ಮ ಉರಿನುಂಗ ಇಲ್ಲವೇ? ಎಳೆದು ನೋಡಿ ಅವನ ಗಂಟೆ," ಅಂದ ರಾಯ.

ಹುಲ್ಲು ಗುಡ್ಡೆ ಹಾಕಿ ಬೆಂಕಿ ಹೊತ್ತಿಸಿದರು. ಚೆನ್ನಾಜಿ ಹೊಸ ಉರಿಗಂಟೆ ಎಳೆದಳು. ಪೀಠದ ಮೇಲಿದ್ದ ಗೊಂಬೆ ಹುಲ್ಲಪ್ಪ, "ಓ, ಆಯ್ತು ಆಯ್ತು!" ಅಂತ ಕೈ ಆಡಿಸಿದ. ಬೆಂಕಿ ಆರಲಿಲ್ಲ. ಹುಲ್ಲಪ್ಪನ ಅರ್ಧ ಗಡ್ಡ ಸುಟ್ಟಿತು.

ದಳವಾಯಿ ಬಿರುಸಪ್ಪ ಕತ್ತಿ ಝಳಪಿಸಿದ. "ಬುದ್ಧೀ, ಆ ಪ್ರಾಣಿ ಮಾಟಗಾರನ ಕಡೆ ಸೇರಿದೆ. ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕಿಸಿ!"

"ನನ್ನ ಕೂಸು ಅಂಥದ್ದಲ್ಲ ಬುದ್ಧೀ," ಅಂತ ಚೆನ್ನಾಜಿ ಅಡ್ಡ ನಿಂತಳು. "ಗಂಟೆಗೇ ಏನೋ ಆಗಿದೆ. ನಾನು ಸರಿಮಾಡ್ತೀನಿ."

"ಮೂರು ದಿನ ಇದೆ, ಮೂರು ಸಲ ಎಳಿ," ಅಂದ ರಾಯ. "ಆಗಲೂ ಬರದಿದ್ದರೆ ಕಲ್ಲೇ ಗತಿ ಕಣಮ್ಮಾ."

ಚೆನ್ನಾಜಿ ಮೊದಲು ಹುಲ್ಲಪ್ಪನ ಹತ್ತಿರ ಹೋದಳು. "ಯಾಕೋ ಏಳಲಿಲ್ಲ ನೀನು?"

"ದೊಡ್ಡೋರು ಬಂದರೆ ತಾನೇ ಅಕ್ಕಾ ಏಳೋದು? ಬಾಗಿಲ ಕಡೇನೇ ನೋಡ್ತಾ ಕೂತಿದ್ದೆ. ಕತ್ತು ನೋವು ಬಂತು."

ಉಗ್ರಾಣಕ್ಕೆ ಓಡಿದಳು. ಕಿಟಕಿಯಿಂದ ಉರಿನುಂಗ ಮೂತಿ ಚಾಚಿದ. "ಅವ್ವಾ, ನನಗೆ ಹಗ್ಗಾನೇ ಬಂದಿಲ್ಲ. ಯಾವಾಗ ಕಟ್ತಾರೋ ಅಂತ ಕಾಲು ಮುಂದಿಟ್ಟುಕೊಂಡೇ ಇದೀನಿ. ಸಮುದ್ರ ಅಂದರೆ ತಣ್ಣಗಿರತ್ತಾ ಅವ್ವಾ?"

"ಸುಮ್ನಿರು," ಅಂದಳು ಚೆನ್ನಾಜಿ. ಅವನ ಮೂತಿ ಸವರಿದಳು.

ಗೊಂಬೆಯದೇ ಅಡ್ಡಿ ಅಂದುಕೊಂಡು ಮೊದಲ ದಿನ ಬೆಳಗ್ಗೆ ಹುಲ್ಲಪ್ಪನನ್ನು ಬಗಲಿಗೆ ಸಿಕ್ಕಿಸಿಕೊಂಡು ಮನೆಗೆ ಒಯ್ದಳು. ಆದರೆ ವಲ್ಲಿ? ಗಂಟೆನಾಡಿನ ಹೆಣ್ಣು ವಲ್ಲಿ ಹೇಗೆ ತೆಗೆದಾಳು? ಅದನ್ನು ಮಡಿಸಿ ಪೀಠದ ಮೇಲೇ ಬಿಟ್ಟಳು. ಕೊಂಡಿತಾತ ಬಂದ. "ಉರಿನುಂಗಾ!" ಅಂತ ಕೂಗಿದ. ಯಾರೂ ಓ ಅನ್ನಲಿಲ್ಲ. ವಲ್ಲಿ ನೋಡಿದ. "ಜಾಗ ಹಿಡಿದಿಟ್ಟಿದ್ದಾರೆ. ಬಂದರೆ ಬರಲಿ, ಬಿಟ್ಟರೆ ಬಿಡಲಿ," ಅಂತ ಹಗ್ಗವನ್ನು ಬರೀ ಗಾಳಿಗೆ ಕಟ್ಟಿ ಹೋದ.

ಬಿರುಸಪ್ಪ ಮೀಸೆ ತಿರುವುತ್ತ ಮುಂದೆ ಬಂದ. "ನೀನು ಮೆಲ್ಲಗೆ ಎಳೀತೀಯ, ಅದಕ್ಕೇ ಬರಲ್ಲ. ಗಂಡಸಿನ ಕೈ ನೋಡು!" ಅಂತ ಜಗ್ಗಿದ.

ಯಾರೂ ಇಲ್ಲದ ಹೆಸರನ್ನು ಗಂಟೆ ಎಳೆದು ಕರೆದರೆ ಆ ನಾಡಿನಲ್ಲಿ ಸೊನ್ನೆಬಾವಿ ಬಾಯಿ ತೆರೆಯುತ್ತದೆ. ಅದಕ್ಕೆ ತಳವಿಲ್ಲ. ಕಾಲ ಕೆಳಗೆ ನೆಲವೇ ಇಲ್ಲವಾಗಿ ಬಿರುಸಪ್ಪ ಬಿದ್ದ. ಬೀಳುತ್ತಾ ಬೀಳುತ್ತಾ ಹಸಿವಾಗಿ, ಸೊಂಟದ ಬುತ್ತಿ ಬಿಚ್ಚಿ ಊಟ ಮಾಡಿದ, ಕೈ ತೊಳೆಯಲು ನೀರಿಲ್ಲ ಅಂತ ಬೈದ, ಒಂದು ನಿದ್ದೆಯನ್ನೂ ತೆಗೆದ. ಏಳು ಹಗ್ಗ ಗಂಟುಹಾಕಿ ಇಳಿಬಿಟ್ಟು ಸಂಜೆಯ ಹೊತ್ತಿಗೆ ಅವನನ್ನು ಮೇಲಕ್ಕೆಳೆದರು.

"ಒಂದು ಸಲ ಮುಗೀತು," ಅಂದ ರಾಯ.

ಎರಡನೇ ದಿನ ಚೆನ್ನಾಜಿ ಇನ್ನೊಂದು ಲೆಕ್ಕ ಹಾಕಿದಳು. ಈ ವಲ್ಲಿಯಿಂದಲೇ ಹುಲ್ಲಪ್ಪನಿಗೆ ಮರ್ಯಾದೆ. ವಲ್ಲಿ ತೆಗೆದರೆ ಅವನು ಬರೀ ಹುಲ್ಲಿನ ಕಟ್ಟು, ಕೊಂಡಿತಾತ ಅವನ ಕಡೆ ಕಣ್ಣೂ ಹಾಯಿಸುವುದಿಲ್ಲ. ಹಾಗಂದುಕೊಂಡು ಹುಲ್ಲಪ್ಪನನ್ನು ತಂದು ಕೂರಿಸಿ, ಕಣ್ಣು ಮುಚ್ಚಿ, ವಲ್ಲಿ ಎಳೆದೇಬಿಟ್ಟಳು. ಮುದುಕಿಯರು "ಅಯ್ಯಯ್ಯೋ" ಅಂತ ಕೆನ್ನೆ ಬಡಿದುಕೊಂಡರು. ಅವಳು ಅಷ್ಟಕ್ಕೇ ನಿಲ್ಲದೆ, ಉಗ್ರಾಣದ ಹಿಂಗೋಡೆಯ ಕಂಡಿಯಿಂದ ಕೆಂಡದ ಉಂಡೆ ತೋರಿಸುತ್ತಾ ತೋರಿಸುತ್ತಾ ಉರಿನುಂಗನನ್ನು ಕದ್ದು ಕರೆತಂದು ಪೀಠದ ಪಕ್ಕ ನಿಲ್ಲಿಸಿದಳು.

"ಉರಿನುಂಗಾ!" ಅಂತ ಕೂಗಿದ ಕೊಂಡಿತಾತ.

"ಓ!" ಅಂದ ಉರಿನುಂಗ.

"ಓ!" ಅಂದ ಹುಲ್ಲಪ್ಪನೂ, ಎದೆ ಉಬ್ಬಿಸಿ. ಹೆಗಲ ಮೇಲೆ ವಲ್ಲಿ ಇಲ್ಲದ ಮೇಲೆ ಅವನು ಹುಲ್ಲಿನ ಕಟ್ಟಾಗಲಿಲ್ಲ, ಯಜಮಾನನೇ ಆಗಿಬಿಟ್ಟಿದ್ದ! "ಯಾರೋ ನೀನು ಡೊಳ್ಳುಹೊಟ್ಟೆ? ಇದು ನನ್ನ ಜಾಗ, ನಾನು ಏಳಲ್ಲ."

ಕೊಂಡಿತಾತ ಸಾವಿರ ಕೈಯಲ್ಲಿದ್ದ ಸಾವಿರ ಹಗ್ಗವನ್ನೂ ನೆಲಕ್ಕೆ ಬಿಸಾಡಿದ. "ಒಂದು ಹೆಸರಿಗೆ ಇಬ್ಬರು ಯಜಮಾನರು! ಯಾರಿಗೆ ಕಟ್ಟಲಿ? ಒಬ್ಬರಿಗೂ ಕಟ್ಟಲ್ಲ. ಯಾವ ಗಂಟೆಗೂ ಕಟ್ಟಲ್ಲ!" ಅಂತ ಅಲ್ಲೇ ಕೂತುಬಿಟ್ಟ.

ಆ ದಿನ ಗಂಟೆನಾಡಿನ ಪಾಡು ಕೇಳಬೇಡಿ. ಮೋಡದ ಎಮ್ಮೆ ಕೆರೆಗೆ ಬರಲಿಲ್ಲ. ಕಲ್ಲಾಮೆ ಸಂತೆಯ ದಾರಿಗೆ ಅಡ್ಡ ಮಲಗಿತು. ರಾಯ ಮೈಗೆ ಎಣ್ಣೆ ಹಚ್ಚಿಕೊಂಡವನು ನೀರಿಲ್ಲದೆ ಎಣ್ಣೆಮೈಯಲ್ಲೇ ದರ್ಬಾರು ಮಾಡಿದ. ಜಾರಿ ಜಾರಿ ಸಿಂಹಾಸನದಿಂದ ಕೆಳಗೆ ಬರುತ್ತಿದ್ದ. "ಎರಡು ಸಲ ಮುಗೀತು!" ಅಂತ ಗುಡುಗಿದ. ಉರಿನುಂಗನನ್ನು ಮತ್ತೆ ಏಳನೇ ಕೋಣೆಗೆ ತಳ್ಳಿ, ಕಂಡಿ ಮುಚ್ಚಿಸಿ, ಮೂರು ಬೀಗ ಹಾಕಿಸಿ, ಕೀಲಿಕೈಯನ್ನು ಕೊಂಡಿತಾತನ ಸೊಂಟಕ್ಕೆ ಕಟ್ಟಿಸಿದ. ಸಮುದ್ರದ ದಡದಲ್ಲಿ ಬಿರುಸಪ್ಪ ಕಲ್ಲು ಆರಿಸಲು ಶುರುಮಾಡಿದ.

ಆ ಸಂಜೆ ಚೆನ್ನಾಜಿ ಒಂದು ಬಟ್ಟಲು ಬಿಸಿ ಹರಳೆಣ್ಣೆ ಹಿಡಿದು ಕೊಂಡಿತಾತನ ಹತ್ತಿರ ಹೋದಳು. ಅವನು ಇನ್ನೂ ಅಲ್ಲೇ ಕೂತು, ಆರುನೂರು ಕೈಗಳಿಂದ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ. ಅವಳು ಅವನ ಪಾದ ಮಡಿಲಿಗೆ ಎಳೆದುಕೊಂಡು ಎಣ್ಣೆ ಹಚ್ಚತೊಡಗಿದಳು.

ತಾತನ ಕಣ್ಣು ತುಂಬಿತು. "ಮುನ್ನೂರು ವರ್ಷ ಆಯ್ತು ಕೂಸೇ. ಎಲ್ಲರೂ ನನ್ನ ಕೈ ಹೊಗಳೋರೇ. ಕಾಲು ಕೇಳಿದೋಳು ನೀನೊಬ್ಬಳೇ."

"ಕೈ ಸಾವಿರ, ಕಾಲು ಎರಡೇ. ನೋಯದೆ ಇರುತ್ತಾ ತಾತ? ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಹಗ್ಗ ಕಟ್ಟೋವಾಗ ಉಗ್ರಾಣಕ್ಕೆ ಯಾಕೆ ಹೋಗಲ್ಲ?"

"ಯಾಕೆ ಹೋಗ್ಲಿ? ಹೆಸರು ಕೂಗ್ತೀನಿ. ಅಂಗಳದಲ್ಲಿ ಯಾರಾದರೂ ಓ ಅಂದರೆ ಅಲ್ಲಿಗೆ ಕೆಲಸ ಮುಗೀತು. ವಲ್ಲಿ ಹೊದ್ದ ಗೊಂಬೆ ಓ ಅಂದರೂ ಓ ತಾನೇ? ದೊಡ್ಡೋರು ಅಂಗಳದಲ್ಲಿದ್ದರೆ ಅವರೂ ಓ ಅಂತಾರೆ, ಗೊಂಬೆ ಎದ್ದುಕೊಳ್ಳತ್ತೆ. ಅಂಗಳದಲ್ಲಿ ಇಲ್ಲದೋರನ್ನ ಹುಡುಕ್ಕೊಂಡು ಗುಡ್ಡ ಹತ್ತಿ ಇಳಿಯೋಕೆ ನನ್ನ ಕಾಲೇನು ಬಿಟ್ಟಿ ಬಿದ್ದಿದಾವಾ?"

ಚೆನ್ನಾಜಿಯ ಕೈ ನಿಂತಿತು. "ಹಾಗಾದರೆ ಉಗ್ರಾಣಕ್ಕೆ ಯಾವಾಗ ಹೋಗ್ತೀಯ?"

"ಕೂಗಿದ ಹೆಸರಿಗೆ ಗೊಂಬೇನೂ ಇಲ್ಲ, ವಲ್ಲೀನೂ ಇಲ್ಲ, ಓ ಅನ್ನೋ ನರಪಿಳ್ಳೆ ಇಲ್ಲ ಅಂದರೆ ಆಗ ಹೋಗಲೇಬೇಕು. ಬಾಗಿಲು ಬಾಗಿಲು ತಟ್ಟಿ ಆ ಹೆಸರಿನೋರು ಇರೋ ಕೋಣೆ ತೆಗೀತೀನಿ."

"ತೆಗೆದರೆ ಆ ಒಬ್ಬರೇ ಹೊರಗೆ ಬರ್ತಾರೋ, ಕೋಣೆಯಲ್ಲಿರೋರೆಲ್ಲ ಬರ್ತಾರೋ?"

"ಎಲ್ಲರೂ! ಒಬ್ಬರನ್ನ ಕರೆದು ಇನ್ನೊಬ್ಬರ ಮುಖದ ಮೇಲೆ ಬಾಗಿಲು ಹಾಕ್ಕೊಂಡು ಬರೋಕೆ ನಾನೇನು ಮರ್ಯಾದೆ ಗೊತ್ತಿಲ್ಲದೋನಾ?"

ಚೆನ್ನಾಜಿ ತಾತನ ಎರಡೂ ಪಾದಗಳಿಗೆ ಮುತ್ತಿಟ್ಟು, ಎಣ್ಣೆಗೈಯಲ್ಲೇ ಮನೆಗೆ ಓಡಿದಳು.

ಮೂರನೇ ದಿನ ಬೆಳಗ್ಗೆ ಅವಳು ಎರಡು ಕೆಲಸ ಮಾಡಿದಳು. ಹುಲ್ಲಪ್ಪನ ಮುಂದೆ ಮಂಡಿಯೂರಿ, "ತಪ್ಪಾಯ್ತು ಕಣಪ್ಪಾ, ನಿನ್ನ ವಲ್ಲಿ ನಾನು ಕೀಳಬಾರದಿತ್ತು," ಅಂತ ಅದನ್ನು ಅವನ ಹೆಗಲಿಗೆ ಮತ್ತೆ ಹೊದಿಸಿದಳು. ಹುಲ್ಲಪ್ಪನ ಎದೆಯ ಉಬ್ಬು ಇಳಿಯಿತು. "ಈಗ ಹಾಯೆನಿಸ್ತು ಅಕ್ಕಾ. ಯಜಮಾನಿಕೆ ಬಲು ಭಾರ," ಅಂದ. ಆಮೇಲೆ ಅವಳು ಉರಿಗಂಟೆಯ ಪಕ್ಕದಲ್ಲಿ, ಕರುವಿನ ಕೊರಳಿನದಷ್ಟು ಚಿಕ್ಕ ಗಂಟೆಯೊಂದನ್ನು ತೂಗುಹಾಕಿದಳು. ಅದರ ಮೇಲೆ ಬರೆದಿದ್ದ ಹೆಸರು: ಪಿಟ್ಟಿ.

ಬಿರುಸಪ್ಪ ಹೊಟ್ಟೆ ಹಿಡಿದು ನಕ್ಕ. "ಬೆಂಕಿಕೊಕ್ಕರೆ ಬರ್ತಾ ಇದೆ, ಇವಳು ಗೊರವಂಕ ಕರೀತಾಳೆ!"

ಕೊಂಡಿತಾತ ಬಂದ. "ಉರಿನುಂಗಾ!"

"ಓ," ಅಂದ ಹುಲ್ಲಪ್ಪ, ವಲ್ಲಿ ಸರಿಮಾಡಿಕೊಂಡು. ತಾತ ಅವನಿಗೆ ಹಗ್ಗ ಕಟ್ಟಿದ. ತಾತ ಮತ್ತೆ ಕಟ್ಟತೊಡಗಿದನಲ್ಲ ಅಂತ ಜನ ಉಸಿರು ಬಿಟ್ಟರು.

"ಪಿಟ್ಟೀ!"

ಯಾರೂ ಇಲ್ಲ.

"ಪಿಟ್ಟೀ!"

ಗೊಂಬೆಯಿಲ್ಲ, ವಲ್ಲಿಯಿಲ್ಲ. ತಾತ ಚೆನ್ನಾಜಿಯ ಕಡೆ ನೋಡಿದ. ಅವನ ಮೀಸೆಯ ಅಡಿಯಲ್ಲಿ ನಗು ಸರಿದಾಡಿತು. "ನಿನ್ನ ಎಣ್ಣೆ ಚೆನ್ನಾಗೇ ಇದೆ ಕೂಸೇ," ಅಂತ ಗುಡ್ಡದಾಚೆಗೆ ನಡೆದ.

ಅಷ್ಟರಲ್ಲಿ ನಡುಮಧ್ಯಾಹ್ನವಾಗಿ ಆಕಾಶ ಕೆಂಪಾಯಿತು. ಬೆಂಕಿಕೊಕ್ಕರೆ ಬಂತು. ಅದರ ಒಂದು ರೆಕ್ಕೆ ಪೂರ್ವದಲ್ಲಿ, ಇನ್ನೊಂದು ಪಶ್ಚಿಮದಲ್ಲಿ. ಅದರ ನೆರಳು ಬಿದ್ದ ಕಡೆ ಹೊಲದಲ್ಲೇ ಜೋಳ ಅರಳಿ ಪುರಿಯಾಯಿತು. ಕೊಕ್ಕರೆಯ ಬಾಲದ ಮೇಲೆ ಬೂದಿಗಣ್ಣ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. "ಎಲ್ಲೋ ರಾಯ ನಿನ್ನ ಮೀಸೆ?" ಅಂತ ಕೂಗಿದ.

ಏಳನೇ ಕೋಣೆಯ ಮೂರು ಬೀಗ ಟಕ್ ಟಕ್ ಟಕ್ ಅಂದವು. ಪಿಟ್ಟಿ ಪುರ್ರನೆ ಹೊರಬಂತು. ಅದರ ಹಿಂದೆಯೇ ಬಾಗಿಲ ಚೌಕಟ್ಟನ್ನು ಕೊರಳಿಗೆ ಹಾಕಿಕೊಂಡು ಉರಿನುಂಗ! ಗುಡ್ಡ ಅದುರುವಂತೆ ಓಡಿ ಒರೆಗೋಟೆಯ ಅಂಗಳಕ್ಕೆ ಬಂದು, "ಅವ್ವಾ, ನಾನೂ ಬರಬಹುದಂತೆ!" ಅಂದ.

ಆಗ ಹುಲ್ಲಪ್ಪ ಎದ್ದ. ಯಾರೂ ಹೇಳಲಿಲ್ಲ, ಯಾರೂ ಎಳೆಯಲಿಲ್ಲ. ತಾನೇ ಎದ್ದು, ಪೀಠದ ಧೂಳು ಕೊಡವಿ, ತನಗೆ ಕಟ್ಟಿದ್ದ ಹಗ್ಗ ಬಿಚ್ಚಿ ಎರಡೂ ಕೈಯಲ್ಲಿ ಚಾಚಿದ. "ಬನ್ನಿ, ಕೂತ್ಕೊಳ್ಳಿ. ನಿಮಗೋಸ್ಕರಾನೇ ಇಷ್ಟು ದಿನ ಹಿಡಿದಿಟ್ಟಿದ್ದೆ."

ಅವರ ಬೆನ್ನಿಗೇ ಬಂದ ಕೊಂಡಿತಾತ ಒಂದೇ ಕೈಯಲ್ಲಿ ಗಂಟು ಹಾಕಿದ. ಚೆನ್ನಾಜಿ ಉರಿಗಂಟೆ ಎಳೆದಳು.

ಉರಿನುಂಗ ಬಾಯಿ ತೆರೆದ. ಪೂರ್ವದ ರೆಕ್ಕೆಯ ಬೆಂಕಿ ಒಂದು ಗುಟುಕು. ಪಶ್ಚಿಮದ ರೆಕ್ಕೆಯ ಬೆಂಕಿ ಎರಡನೇ ಗುಟುಕು. ಮೂರನೇ ಗುಟುಕಿಗೆ ಬೂದಿಗಣ್ಣನ ಕಣ್ಣಲ್ಲಿದ್ದ ಮಾಟದ ಕಿಡಿಯೂ ಒಳಕ್ಕೆ ಹೋಯಿತು. ಆಮೇಲೆ ಒಂದು ತೇಗು. ಆಕಾಶದಲ್ಲಿ ಉಳಿದದ್ದು ಹಾಲಿನಂತೆ ಬಿಳಿಯಾದ ಸಾದಾ ಕೊಕ್ಕರೆ. ಅದಕ್ಕೆ ಮೊದಲ ಸಲ ತಂಪೆನಿಸಿತೋ ಏನೋ, ನೆಟ್ಟಗೆ ಕೆರೆಗೆ ಇಳಿದು ಒಂಟಿಕಾಲಲ್ಲಿ ನಿಂತು ಕಣ್ಣು ಮುಚ್ಚಿತು. ಬಾಲದಿಂದ ಜಾರಿದ ಬೂದಿಗಣ್ಣ ರಾಯನ ಅಡಿಗೆಮನೆಯ ಹೊಗೆಗೂಡಿನೊಳಗೆ ಬಿದ್ದ. ಬಿದ್ದವನನ್ನು ಅಡಿಗೆಯವರು ಅಲ್ಲೇ ಇಟ್ಟುಕೊಂಡರು. ಒಲೆ ಊದುವುದರಲ್ಲಿ ಅವನಷ್ಟು ಜಾಣ ಆ ನಾಡಿನಲ್ಲಿ ಇನ್ನೊಬ್ಬನಿಲ್ಲ.

ರಾಯ ಹರಸಲು ಕೈ ಎತ್ತಬೇಕು ಅಂದ. ಪೈಲ್ವಾನರು ಕೊಕ್ಕರೆಗೆ ಹೆದರಿ ಓಡಿಹೋಗಿದ್ದರು. ಸಂತೋಷದ ಭರದಲ್ಲಿ ಅವನ ಕೈ ತಾನೇ ಮೇಲೆದ್ದಿತು. ಬಿರುಸಪ್ಪ ತಾನು ಆರಿಸಿದ ಕಲ್ಲುಗಳನ್ನೆಲ್ಲ ತಾನೇ ಹೊತ್ತು ತಂದು, ಒರೆಗೋಟೆಯಿಂದ ಉಗ್ರಾಣದವರೆಗೆ ಮೆಟ್ಟಿಲು ಕಟ್ಟಿದ, ಕೊಂಡಿತಾತನ ಮೊಣಕಾಲಿಗೆ ನೋವಾಗದ ಹಾಗೆ. ದಿನಾ ಸಂಜೆ ಚೆನ್ನಾಜಿ ತಾತನ ಕಾಲಿಗೆ ಎಣ್ಣೆ ಹಚ್ಚುತ್ತಾಳೆ, ಉರಿನುಂಗ ಆ ಎಣ್ಣೆ ಬಿಸಿಮಾಡಿ ಕೊಡುತ್ತಾನೆ, ಪಿಟ್ಟಿ ಅವನ ಬೆನ್ನಿನ ಬೂದಿ ಕುಕ್ಕುತ್ತದೆ.

ಇನ್ನು ಹುಲ್ಲಪ್ಪ. ಅವನಿಗೆ ಏನು ಬೇಕು ಅಂತ ರಾಯ ಕೇಳಿದಾಗ, ಇನ್ನೊಂದು ಪೀಠ ಕೊಡಿ, ಇನ್ನೂ ಹುಟ್ಟಬೇಕಾದ ಯಾವುದಾದರೂ ಮರಿಗೆ ಜಾಗ ಹಿಡಿದಿರುತ್ತೇನೆ ಅಂದನಂತೆ. ಅವನ ಸುಟ್ಟ ಗಡ್ಡಕ್ಕೆ ಚೆನ್ನಾಜಿ ಹೊಸ ಹುಲ್ಲು ಹೆಣೆದಳು, ವಲ್ಲಿಗೆ ಕೆಂಪು ಅಂಚು ಹೊಲಿದಳು. ಗಂಟೆನಾಡಿನವರು ಅಂದಿನಿಂದ ನಕ್ಕೊಂಡು ಉಂಡುಕೊಂಡು ಇದ್ದಾರೆ. ಹುಲ್ಲಪ್ಪ ಬಾಗಿಲ ಕಡೆ ನೋಡಿಕೊಂಡು ಕೂತಿದ್ದಾನೆ, ಬರುವವರು ಬರಲಿ ಅಂತ.