ಹುಳ ಹಣ್ಣಾದ ದಿನ

ಬಿಲ್ಡರನ ಆಫೀಸಿನಿಂದ ಲಿಂಗರಾಜ ಹೊರಗೆ ಬಂದಾಗ ಅವನ ಕಂಕುಳಲ್ಲಿ ಬಣ್ಣದ ಬ್ರೋಷರ್ ಇತ್ತು, ಮುಖದಲ್ಲಿ ನಗು ಇತ್ತು. ಎದುರಿಗೆ ಸ್ಕೂಟಿ ನಿಲ್ಲಿಸಿಕೊಂಡು ವರಲಕ್ಷ್ಮಿ ನಿಂತಿದ್ದಳು. ಬ್ರೋಷರ್ ಉಳಿಯಿತು, ನಗು ಹೋಯಿತು.

"ಮಾಡೆಲ್ ಫ್ಲಾಟ್ ಚೆನ್ನಾಗೈತಾ?"

"ವರಾ, ನೀನು ಅನ್ಕಂಡಂಗಲ್ಲ..."

"ನಾನೇನೂ ಅನ್ಕಂಡಿಲ್ಲ. ಕಣ್ಣಾರೆ ನೋಡ್ತಾ ಇವ್ನಿ."

ಸ್ಕೂಟಿ ಭರ್ರೆಂದು ಹೋಯಿತು. ಮೂಲೆ ತಿರುಗಿದ ಮೇಲೆ ಅವಳು ಅತ್ತಳು ಎನ್ನುವುದನ್ನು ಅವನಿಗೆ ಯಾರು ಹೇಳಬೇಕು?

ರಾಮನಗರದ ಅಂಚಿನ ಆ ಬೀದಿಯಲ್ಲಿ ಮನೆಮನೆಗೂ ರೇಷ್ಮೆ ಹುಳ. ಬೀದಿಯ ಹಿಂದಿನ ಬಯಲೇ ಎಲ್ಲರ ಉಸಿರು. ಹಣ್ಣಾದ ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿಗಳನ್ನು, ಅಂದರೆ ಚಂದ್ರಿಕೆಗಳನ್ನು, ಗಾಳಿಗೆ ನಿಲ್ಲಿಸುವುದು ಅಲ್ಲೇ. ಈಗ ಆ ಬಯಲಿನಲ್ಲಿ ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟ್ ಏಳುತ್ತದಂತೆ. ಗಾಳಿ ಹೋಯಿತು, ಜಾಗ ಹೋಯಿತು. ಸಿಮೆಂಟಿನ ಧೂಳು ಸೊಪ್ಪಿನ ಮೇಲೆ ಕೂತರೆ ಹುಳವೂ ಹೋಯಿತು.

ವರಲಕ್ಷ್ಮಿ ರಾಮನಗರದ ಕೋರ್ಟಿನಲ್ಲಿ ಜೂನಿಯರ್ ಲಾಯರ್. ಅಪಾರ್ಟ್‌ಮೆಂಟಿನ ಬಗ್ಗೆ ಸರ್ಕಾರ ನಡೆಸುವ ವಿಚಾರಣೆಯಲ್ಲಿ ತಕರಾರು ಹೇಳಲು ಬನ್ನಿ ಎಂದು ಮನೆಮನೆ ಸುತ್ತಿ ಬೀದಿಯನ್ನೆಲ್ಲ ಒಪ್ಪಿಸಿದ್ದಳು. ಉಳಿದದ್ದು ಒಂದೇ ಮನೆ, ಬಯಲಿಗೆ ಹಿತ್ತಿಲ ಗೋಡೆ ತಾಗಿಕೊಂಡಿರುವ ಲಿಂಗರಾಜನ ಮನೆ. ಅವನ ಮಾತಿಗೇ ತೂಕ ಹೆಚ್ಚು. ಬಿಡದಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಆ ಪುಣ್ಯಾತ್ಮ ಮಾತ್ರ ಕೇಳಿದಾಗಲೆಲ್ಲ "ನೋಡಣ" ಎನ್ನುತ್ತಿದ್ದ.

ಬೇರೆ ಯಾರಾದರೂ ಹಾಗೆಂದಿದ್ದರೆ ಬೈದು ಸುಮ್ಮನಾಗುತ್ತಿದ್ದಳು. ಆದರೆ ಅವಳಿಗೆ ಅವನೆಂದರೆ ಪ್ರಾಣ. ಅವನಿಗೂ ಹಾಗೇ ಇರಬಹುದೆಂದು ಅವನ ಕಣ್ಣು ಎಷ್ಟೋ ಸಲ ಹೇಳಿತ್ತು, ಬಾಯಿ ಹೇಳಿರಲಿಲ್ಲ. ಈಗ ನೋಡಿದರೆ ಬಯಲೂ ಕೈಬಿಟ್ಟು ಹೋಯಿತು, ಅವನೂ ಕೈಬಿಟ್ಟ ಅನ್ನಿಸಿತು.

ಮಾರನೆಯ ದಿನ ಬೆಳಿಗ್ಗೆಯೇ ಲಿಂಗರಾಜನ ತಾಯಿ ಚಿನ್ನಮ್ಮ ಬೀದಿಯಲ್ಲಿ ನಿಂತು ಕೂಗಿದಳು. "ಹುಳ ಹಣ್ಣಾಗವೆ, ಬನ್ರವ್ವಾ!"

ಹಣ್ಣಾದ ಹುಳ ಕಾಯುವುದಿಲ್ಲ. ಮೇವು ಬಿಟ್ಟು ತಲೆ ಎತ್ತಿತೆಂದರೆ ತಡಮಾಡದೆ ಆರಿಸಿ ಚಂದ್ರಿಕೆಗೆ ಬಿಡಬೇಕು. ಅದಕ್ಕೇ ಆ ಬೀದಿಯಲ್ಲೊಂದು ಕಟ್ಟಳೆ: ಮಾತು ಬಿಟ್ಟವರ ಮನೆಯಾದರೂ ಸರಿ, ಹುಳ ಹಣ್ಣಾದರೆ ಕೈ ಹಚ್ಚಲು ಹೋಗಲೇಬೇಕು.

"ನಾ ಹೋಗಕಿಲ್ಲ" ಎಂದಳು ವರಲಕ್ಷ್ಮಿ.

ಅಜ್ಜಿ ಶಿವಲಿಂಗಮ್ಮ ಗದರಿದಳು. "ಜಗಳ ಮನುಸ್ರ ಮ್ಯಾಲೆ. ಹುಳ ಏನೇ ಮಾಡಿತ್ತು ನಿಂಗೆ? ಎದ್ದೋಗು."

ಹೋದಳು. ಚಿನ್ನಮ್ಮ ಘಾಟಿ ಹೆಂಗಸು, ಜಾಗವಿಲ್ಲ ಜಾಗವಿಲ್ಲ ಎನ್ನುತ್ತಲೇ ಅವಳನ್ನು ಒಯ್ದು ಲಿಂಗರಾಜನ ಎದುರಿಗೇ ಕೂರಿಸಿದಳು. ಇಬ್ಬರ ನಡುವೆ ಹುಳ ತುಂಬಿದ ಒಂದೇ ತಟ್ಟೆ. ಅವನು ಕೈ ಇಟ್ಟ ಕಡೆ ಇವಳು ಇಡಲಿಲ್ಲ, ಇವಳು ಇಟ್ಟ ಕಡೆಗೇ ಅವನ ಕೈ ಬರುತ್ತಿತ್ತು.

"ಇವತ್ತು ಮಲ್ಲಿಗೆ ಮುಡ್ದಿಲ್ಲ" ಎಂದ ಮೆಲ್ಲಗೆ.

"ಹುಳದ ಮನೆಗೆ ಯಾರಾರ ವಾಸನೆ ಹೂವ ಮುಡ್ಕಂಡು ಬತ್ತಾರಾ? ಅಷ್ಟೂ ಗೊತ್ತಿಲ್ವಾ?"

"ಗೊತ್ತು. ನಿನ್ನ ಬಾಯಿ ಬುಡ್ಸಣ ಅಂತ."

ಅವಳ ತುಟಿಯ ತುದಿ ಒಸಿ ಅಲುಗಿತು. ಹಲ್ಲು ಕಚ್ಚಿ ಅದನ್ನು ಅಲ್ಲೇ ನಿಲ್ಲಿಸಿದಳು.

"ಆ ಬಿಲ್ಡರು ಅದೇನು ಆಸೆ ತೋರ್ಸ್ದ ನಿಂಗೆ?"

"ಒಂದು ರೂಮು. ಬಾಗ್ಲಿರೋದು."

"ಏನಂದೆ?"

ಅವನು ತಲೆ ಬಗ್ಗಿಸಿಯೇ ಹೇಳಿದ. "ಈ ಮನೇಲಿರೋವು ಎರಡು ರೂಮು. ಎರಡೂ ಹುಳಕ್ಕೆ. ಅಪ್ಪ ಅವ್ವ ನಡುಮನೇಲಿ, ನಾನು ಜಗಲಿ ಮ್ಯಾಲೆ. ಮದ್ವೆಯಾಗಿ ಬಂದೋಳ್ನ ಎಲ್ಲಿ ಇರಿಸ್ಲಿ? ಸೀರೆ ಉಡಾಕೂ ಒಂದು ಮರೆ ಇಲ್ಲ. ಅದಕ್ಕೆ ಫ್ಲಾಟ್ ನೋಡಕ್ಕೋದೆ. ಎದುರು ನಿಂತರೆ ಅವರು ಕೊಡ್ತಾರಾ? ಅದಕ್ಕೇ ನೋಡಣ, ನೋಡಣ ಅಂತಿದ್ದೆ."

"ಯಾರವಳು?" ಎಂದಳು. ಕೋರ್ಟಿನಲ್ಲಿ ಗುಡುಗುವ ದನಿ ಇಲ್ಲಿ ದಾರದಷ್ಟಾಗಿತ್ತು.

ಅವನು ತಲೆ ಎತ್ತಿದ. ಇಷ್ಟು ದಿನ ಕದ್ದು ನೋಡಿ ಓಡಿಹೋಗುತ್ತಿದ್ದ ಕಣ್ಣು ಇವತ್ತು ನೆಟ್ಟಗೆ ಬಂದು ಅವಳ ಕಣ್ಣಲ್ಲಿ ನಿಂತಿತು.

"ಎದುರಿಗೆ ಕುಂತು ನಮ್ಮ ಹುಳವ ಹಿಸುಕ್ತಾ ಅವ್ಳಲ್ಲ, ಅವಳೇಯ."

ಅಯ್ಯೋ! ಗಾಬರಿಯಿಂದ ಮುಷ್ಟಿ ಬಿಟ್ಟಳು. ಪುಣ್ಯಕ್ಕೆ ಹುಳಗಳು ನೆಟ್ಟಗಿದ್ದವು, ನೆಟ್ಟಗಿಲ್ಲದ್ದು ಅವಳ ಎದೆ. ಕುಣಿಯುವಷ್ಟು ಸಂತೋಷ. ಅದರ ಬೆನ್ನಿಗೇ ಕಡುಕೋಪ.

"ನನ್ನ ಕೇಳ್ದೆಯೇ ನಂಗೆ ಮನೆ ನೋಡಕ್ಕೋದ್ಯಾ? ಬೀದಿ ಜನದ ಅನ್ನ ಕಿತ್ತು ಕಟ್ಟಿದ ರೂಮಲ್ಲಿ ನಂಗೆ ನಿದ್ದೆ ಬಂದದಾ? ನನ್ನ ಅಷ್ಟೇನಾ ನೀನು ಅರ್ಥ ಮಾಡ್ಕಂಡಿರೋದು?"

ಅವಳು ತುಂಬಿದ ಚಂದ್ರಿಕೆಯನ್ನು ಎತ್ತಿಕೊಂಡು ಬಯಲಿಗೆ ನಡೆದಳು. ಹಿಂದಿರುಗಿ ನೋಡಲಿಲ್ಲ. ನೋಡಿದ್ದರೆ ಕೋಪ ಉಳಿಯುತ್ತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು.

ಆ ವಾರವೇ ಸಮುದಾಯ ಭವನದಲ್ಲಿ ಅಧಿಕಾರಿಯ ಎದುರು ವಿಚಾರಣೆ. ಬೀದಿಯವರೆಲ್ಲ ಒಬ್ಬೊಬ್ಬರಾಗಿ ಹೇಳಿದರು. ಆಮೇಲೆ ಬಿಲ್ಡರ್ ಕಡೆಯವನು ನಗುನಗುತ್ತಾ ಎದ್ದ. "ಸಾರ್, ಗೋಡೆ ಪಕ್ಕದ ಮನೆಯವರದ್ದೇ ತಕರಾರಿಲ್ಲ. ಅವರು ನಮ್ಮ ಫ್ಲಾಟ್ ನೋಡಿ ಮೆಚ್ಚಿ ಹೋಗಿದ್ದಾರೆ."

ವರಲಕ್ಷ್ಮಿ ಭವನದ ತುಂಬ ಕಣ್ಣಾಡಿಸಿದಳು. ಲಿಂಗರಾಜ ಎಲ್ಲೂ ಕಾಣಿಸಲಿಲ್ಲ.

"ನಂದೂ ತಕರಾರೈತೆ ಸಾರ್!"

ಬಾಗಿಲಲ್ಲಿ ಫ್ಯಾಕ್ಟರಿಯ ಯೂನಿಫಾರ್ಮ್, ಏದುಸಿರು. "ಫ್ಲಾಟ್ ನೋಡಿದ್ದು ದಿಟ. ಮದ್ವೆಯಾಗೋಳಿಗೆ ಅಂತ ನೋಡ್ದೆ. ನಮ್ಮ ಬೀದಿ ಹಾಳು ಮಾಡಿ ನಂಗೆ ಸುಖ ಬ್ಯಾಡ. ಆ ಬಯಲು ಹೋದ್ರೆ ಮೊದ್ಲು ಸಾಯೋದು ನಮ್ಮನೆ ಹುಳ. ಬರ್ಕಳಿ ಸಾರ್."

ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು. "ಮದುವೆ ಯಾವಾಗ?"

"ಹುಡುಗೀನ ಇನ್ನೂ ಕೇಳಿಲ್ಲ ಸಾರ್."

ಭವನವೆಲ್ಲ ಗೊಳ್ಳೆಂದು ನಕ್ಕಿತು. ಎಲ್ಲರ ಕತ್ತೂ ವರಲಕ್ಷ್ಮಿಯ ಕಡೆ ತಿರುಗಿತು. ಗುಟ್ಟು ಎಂದುಕೊಂಡಿದ್ದವರು ಅವರಿಬ್ಬರೇ ನೋಡಿ!

ಅವಳು ಎದ್ದು ನಿಂತಳು. ಮುಖ ಕೆಂಪಾಗಿದ್ದರೂ ಲಾಯರು ಲಾಯರೇ. "ಸಾರ್, ಮೊದಲು ಅವರ ತಕರಾರು ರೆಕಾರ್ಡ್ ಆಗಲಿ."

ರೆಕಾರ್ಡ್ ಆಯಿತು. ರೇಷ್ಮೆ ಇಲಾಖೆಯವರು ಬಂದು ಜಾಗ ನೋಡಿ ವರದಿ ಕೊಡುವವರೆಗೆ ಒಂದು ಇಟ್ಟಿಗೆಯನ್ನೂ ಇಡಕೂಡದು ಎಂದರು ಅಧಿಕಾರಿ. ಪೂರ್ತಿ ಗೆಲುವಲ್ಲ, ಆದರೂ ಬೀದಿಗೆ ಉಸಿರು ಬಂತು. ಬಿಲ್ಡರ್ ಕಡೆಯವನು ಫೋನ್ ಕಿವಿಗಿಟ್ಟುಕೊಂಡು ಹೊರಗೆ ಹೋದ.

ವರಲಕ್ಷ್ಮಿ ಲಿಂಗರಾಜನ ಎದುರಿಗೆ ಹೋಗಿ ನಿಂತಳು. "ಈಗ ಕೇಳು."

"ಇಷ್ಟು ಜನದ ಮುಂದೇನಾ?"

"ಮನೆ ನೋಡಕ್ಕೋಗೋವಾಗ ಇದ್ದ ಧೈರ್ಯ ಈಗೆಲ್ಲೋಯ್ತು?"

"ನನ್ನ ಮದ್ವೆಯಾಯ್ತೀಯಾ ವರಾ? ಕೊಡಾಕೆ ಜಗಲಿ ಬುಟ್ರೆ ನಂತಾವ ಏನೂ ಇಲ್ಲ."

"ಲೋ, ಯಾವನ್ಲಾ ಏನೂ ಇಲ್ಲ ಅಂದೋನು?" ಹಿಂದಿನಿಂದ ಚಿನ್ನಮ್ಮ ಕೂಗಿದಳು. "ಮುಂದ್ಲ ಬೆಳೆಗೆ ಅರ್ಧ ಹುಳ ಕಡಿಮೆ ಸಾಕ್ತೀನಿ ಕಣವ್ವ. ಒಂದು ರೂಮು ನಿಮ್ದೇ!"

ವರಲಕ್ಷ್ಮಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅಷ್ಟು ಜನರ ಮುಂದೆಯೇ ಅವನ ಕೈ ಹಿಡಿದುಕೊಂಡಳು.

"ಬ್ಯಾಡ ಅತ್ತೆ, ಹುಳ ಕಡಿಮೆ ಮಾಡಬ್ಯಾಡಿ" ಎಂದಳು. "ನಾವಿಬ್ರೂ ದುಡ್ದು ಹಿತ್ತಿಲಲ್ಲಿ ಒಂದು ರೂಮು ಕಟ್ಕತೀವಿ."