ಕುದಿದರೂ ಬೇಯದ ಕಾಳು

"ಇದು ಬೆಂದಿಲ್ಲ."

ಅವನು ಮೆಲ್ಲಗೇ ಹೇಳಿದ. ಆದರೆ ಊಟದ ಶೆಡ್ಡಿನಲ್ಲಿ ಆ ಹೊತ್ತಿಗೆ ಅರವತ್ತು ಜನ ಅಗಿಯುವುದನ್ನು ನಿಲ್ಲಿಸಿ ತಟ್ಟೆ ನೋಡುತ್ತ ಕೂತಿದ್ದರು. ಹಾಗಾಗಿ ಆ ಎರಡು ಪದ ಮೂಲೆಮೂಲೆಗೂ ಕೇಳಿಸಿತು.

ಅವಳು ಸೌಟು ಹಿಡಿದು ನಿಂತಲ್ಲೇ ನಿಂತಳು.

ಅವನು ತಟ್ಟೆಯಿಂದ ಒಂದು ಕೆಂಪು ರಾಜ್ಮಾ ಕಾಳನ್ನು ತೆಗೆದು ಮೇಜಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದ. ಕಾಳು ಒಡೆಯಲಿಲ್ಲ. ಸರ್ರನೆ ಜಾರಿ ಅವಳ ಕಾಲಬುಡಕ್ಕೆ ಬಂದು ಬಿತ್ತು.

ಬೆಟ್ಟದ ನೆತ್ತಿಯ ಆ ಶಿಬಿರಕ್ಕೆ ಅಡುಗೆಯವಳಾಗಿ ಬಂದು ಅದು ಅವಳ ಎರಡನೇ ದಿನ. ಬೆಟ್ಟವನ್ನು ಕೊರೆದು ಸುರಂಗ ಮಾಡುವವರ ಶಿಬಿರ ಅದು. ನಾಲ್ಕು ಹೆಜ್ಜೆ ಬೇಗ ಇಟ್ಟರೆ ಎದೆ ಹೊಡೆದುಕೊಳ್ಳುವಷ್ಟು ಎತ್ತರ. ಕೆಳಗಿನ ಊರಿನ ದೊಡ್ಡ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಹನ್ನೆರಡು ವರ್ಷ ಸೌಟು ತಿರುವಿದ ಕೈ ಅವಳದು. ಅಲ್ಲಿನ ಡಾಕ್ಟರುಗಳು ಕೂಡ 'ಅಕ್ಕನ ಕೈಯಡುಗೆ' ಎಂದು ಕೇಳಿ ಹಾಕಿಸಿಕೊಳ್ಳುತ್ತಿದ್ದರು. ವಯಸ್ಸು ಮೂವತ್ತಮೂರು. ಎರಡು ಸಲ ಕೂಡಿಬಂದ ಮದುವೆಯ ಮಾತು ಎರಡು ಸಲವೂ ಮುರಿದಿತ್ತು. ಅವಳಿಗೆ ಹೆಮ್ಮೆ ಎಂದು ಉಳಿದದ್ದು ಆ ಕೈ ಒಂದೇ.

ಆ ಕೈಗೇ ಅರವತ್ತು ಜನರೆದುರು ಮಸಿ ಬಳಿದನಲ್ಲ ಇವನು!

ಇವನು ಉಗ್ರಾಣ ನೋಡಿಕೊಳ್ಳುವವನು. ಸೊಂಟದಲ್ಲಿ ಯಾವಾಗಲೂ ಬೀಗದ ಕೈಗಳ ದೊಡ್ಡ ಗೊಂಚಲು, ಬಾಯಿಗೂ ಬೀಗ. ಅದಕ್ಕೇ ಕೆಲಸಗಾರರು ಅವನನ್ನು 'ಬೀಗಣ್ಣ' ಎಂದು ಕರೆಯುತ್ತಿದ್ದರು.

ಅವಳು ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಹನ್ನೆರಡು ವರ್ಷ ಒಲೆ ಮುಂದೆ ನಿಂತವಳಿಗೆ ನೀರು ಕುದಿಸೋದು ಹೇಗೆ ಅಂತ ಹೇಳ್ಕೊಡ್ತೀರಾ? ಬೀಗ ಹಾಕೋದು ನಿಮ್ಮ ಕೆಲಸ. ಅದನ್ನ ನೋಡ್ಕೊಳ್ಳಿ."

ಇಡೀ ಶೆಡ್ಡು ಗೊಳ್ಳೆಂದು ನಕ್ಕಿತು. ಅವನ ಕಿವಿ ಕೆಂಪಾಯಿತು. ಆ ದಿನ ಎಲ್ಲರೂ ಬ್ರೆಡ್ಡು, ಈರುಳ್ಳಿ ತಿಂದು ಕೆಲಸಕ್ಕೆ ಹೋದರು.

ಸ್ವಲ್ಪ ಹೊತ್ತಿನ ಮೇಲೆ ಅವನು ಅಡುಗೆಮನೆಯ ಬಾಗಿಲಿಗೆ ಬಂದು, ಇಲ್ಲಿ ನೀರು ಬೇರೆ ಥರ, ಎಂದು ಏನೋ ಶುರುಮಾಡಿದ. ಅವಳು ಪೂರ್ತಿ ಕೇಳದೆ ಅವನ ಮುಖಕ್ಕೇ ಬಾಗಿಲು ಮುಚ್ಚಿದಳು.

ಬಾಗಿಲ ಹಿಂದೆ ನಿಂತವಳ ಕಣ್ಣು ಮಾತ್ರ ತುಂಬಿತ್ತು... ಮೂರು ಗಂಟೆ ಕುದಿಸಿದ್ದೆನಲ್ಲ, ಯಾಕೆ ಬೇಯಲಿಲ್ಲ?

* * *

ಮುಂದಿನ ದಿನಗಳಲ್ಲಿ ಯಾವುದೂ ಅವಳ ಮಾತು ಕೇಳಲಿಲ್ಲ. ಅನ್ನ ಹೊರಗೆ ಮುದ್ದೆ, ಒಳಗೆ ನುಚ್ಚು. ಆಲೂಗಡ್ಡೆ ಎಷ್ಟು ಹೊತ್ತಾದರೂ ಗಟ್ಟಿ. ಮೊಟ್ಟೆ ಒಡೆದರೆ ಹಳದಿ ಇನ್ನೂ ಹರಿಯುತ್ತಿತ್ತು. ಚಹಾಕ್ಕೆ ಎಷ್ಟು ಪುಡಿ ಹಾಕಿದರೂ ಬಣ್ಣವಿಲ್ಲ. ವಿಚಿತ್ರವೆಂದರೆ, ನೀರು ಮಾತ್ರ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕೊತಕೊತ ಕುದಿಯುತ್ತಿತ್ತು. ಅವಳು ಉರಿ ಇನ್ನಷ್ಟು ಹೆಚ್ಚಿಸುತ್ತಿದ್ದಳು. ಕುದಿ ಜೋರಾಗುತ್ತಿತ್ತು, ಅಷ್ಟೇ.

ಯಾರನ್ನಾದರೂ ಕೇಳಬಹುದಿತ್ತು. ಕೇಳಲು ನಾಚಿಕೆ. ಅಡುಗೆಯವಳೇ ಅನ್ನ ಯಾಕೆ ಬೇಯುತ್ತಿಲ್ಲ ಎಂದು ಕೇಳುವುದೆ?

ಬೀಗಣ್ಣ ಮತ್ತೆ ಆ ವಿಷಯ ಎತ್ತಲಿಲ್ಲ. ಆದರೆ ಬೆಳಗ್ಗೆ ಅವಳು ಬರುವಷ್ಟರಲ್ಲಿ ಗ್ಯಾಸ್ ಸಿಲಿಂಡರ್ ಬಾಗಿಲಲ್ಲಿ ಬಂದು ನಿಂತಿರುತ್ತಿತ್ತು. ಅವಳು ಏದುಸಿರು ಬಿಡುತ್ತ ಅಕ್ಕಿ ಚೀಲ ಎಳೆಯುವುದನ್ನು ಒಮ್ಮೆ ಕಂಡವನು, ಮಾರನೇ ದಿನದಿಂದ ತಾನೇ ಹೊತ್ತು ತಂದು ಇಳಿಸಿ, ಮಾತಿಲ್ಲದೆ ಹೋಗುತ್ತಿದ್ದ.

ಒಂದು ಮಧ್ಯಾಹ್ನ ಗಾಳಿಗೆ ಅಡುಗೆಮನೆಯ ತಗಡು ಎದ್ದಾಗ ಇಬ್ಬರೂ ಸೇರಿ ಹಗ್ಗ ಬಿಗಿದರು. ಗಂಟು ಹಾಕುವಾಗ ಅವನ ಬೆರಳು ಅವಳ ಬೆರಳಿಗೆ ತಾಗಿತು. ಇಬ್ಬರೂ ಹಗ್ಗ ಬಿಡಲಿಲ್ಲ... ಗಂಟು ಬಿಗಿದ ಮೇಲೂ ಸ್ವಲ್ಪ ಹೊತ್ತು.

ಅಂದಿನಿಂದ ಬೀಗದ ಕೈಗಳ ಸದ್ದು ಕೇಳಿದರೆ ಅವಳ ಕಿವಿ ನೆಟ್ಟಗಾಗುತ್ತಿತ್ತು. ತನ್ನನ್ನು ನಗೆಪಾಟಲು ಮಾಡಿದವನ ಸದ್ದಿಗೆ ಕಾಯುತ್ತೇನಲ್ಲ, ಮಾನ ಬೇಡವೇ ನನಗೆ, ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಇಪ್ಪತ್ತೊಂದನೇ ದಿನ ತರಕಾರಿ ಮುಗಿದಿತ್ತು. ಕೆಳಗಿನಿಂದ ಲಾರಿ ಬಂದಿರಲಿಲ್ಲ. ಮತ್ತೆ ಅದೇ ಕಾಳು ಹಾಕಬೇಕಾಯಿತು. ಹಿಂದಿನ ದಿನವೇ ನೆನೆಸಿದಳು, ಬೆಳಗಿನಿಂದ ಕುದಿಸಿದಳು. ಊಟದ ಗಂಟೆ ಬಾರಿಸುವಾಗ ಒಂದನ್ನು ಹಲ್ಲಿಗಿಟ್ಟು ನೋಡಿದಳು. ಸಿಪ್ಪೆ ಮೆತ್ತಗಾಗಿತ್ತು, ನಡುವೆ ಇನ್ನೂ ಗಟ್ಟಿ. ಅವಳಿಗೆ ಗೊತ್ತಾಯಿತು. ಆದರೆ ಹೊರಗೆ ಅರವತ್ತು ತಟ್ಟೆಗಳ ಸದ್ದು... ಮತ್ತೊಮ್ಮೆ ಬ್ರೆಡ್ಡು, ಈರುಳ್ಳಿ ಕೊಡುವ ಧೈರ್ಯ ಅವಳಿಗಿರಲಿಲ್ಲ. ಕಾಳನ್ನು ಅರ್ಧಂಬರ್ಧ ಮಸೆದು, ಖಾರ ಹೆಚ್ಚು ಹಾಕಿ ಬಡಿಸಿಬಿಟ್ಟಳು.

ಮೂರು ಗಂಟೆ ಕಳೆಯುವಷ್ಟರಲ್ಲಿ ಹನ್ನೊಂದು ಜನ ವಾಂತಿ ಮಾಡಿಕೊಂಡು ಮಲಗಿದರು. ಬಂಡೆ ಕೊರೆಯುವ ಹಿರಿಯನೊಬ್ಬನನ್ನು ನಾಲ್ವರು ಹೊತ್ತುಕೊಂಡು ಹೋಗಿ ಶಿಬಿರದ ನರ್ಸಮ್ಮನ ಕೋಣೆಗೆ ಸೇರಿಸಿದರು. ಎರಡು ದಿನಕ್ಕೆ ಎಲ್ಲರೂ ಚೇತರಿಸಿಕೊಂಡರು. ಸರಿಯಾಗಿ ಬೇಯದ ಕೆಂಪು ಕಾಳು ಹೊಟ್ಟೆಗೆ ವಿಷವಿದ್ದಂತೆ ಎಂದು ನರ್ಸಮ್ಮ ಬರೆದುಕೊಟ್ಟರು.

ಶಿಬಿರದ ಸಾಹೇಬರು ಅವಳನ್ನೂ ಬೀಗಣ್ಣನನ್ನೂ ಕರೆಸಿದರು. ಕಾಳು ಯಾಕೆ ಬೇಯಲಿಲ್ಲ ಎಂದು ಅವಳನ್ನು ಕೇಳಿದರು.

ಅವಳ ಹನ್ನೆರಡು ವರ್ಷದ ಹೆಸರು ಒಂದು ಉತ್ತರದ ತುದಿಯಲ್ಲಿ ನೇತಾಡುತ್ತಿತ್ತು.

"ಕಾಳು ಹಳೇದು ಸಾರ್. ವರ್ಷಗಟ್ಟಲೆ ಇಟ್ಟ ಕಾಳು ಎಷ್ಟು ಕುದಿಸಿದ್ರೂ ಬೇಯಲ್ಲ."

ಅದು ಸುಳ್ಳು. ಚೀಲದ ಮೇಲಿನ ತಾರೀಕನ್ನು ಅವಳು ಓದಿದ್ದಳು. ಅದೇ ವರ್ಷದ ಬೆಳೆ.

ಸಾಹೇಬರು ಬೀಗಣ್ಣನ ಕಡೆ ತಿರುಗಿದರು. ಅವನು ಒಮ್ಮೆ ಅವಳನ್ನು ನೋಡಿದ. ಆಮೇಲೆ ನೆಲ ನೋಡಿದ.

"ನನ್ನ ತಪ್ಪು ಸಾರ್," ಎಂದ.

ಮಾರನೇ ಬೆಳಗ್ಗೆ ಅವನು ಬೀಗದ ಕೈ ಗೊಂಚಲನ್ನು ಒಪ್ಪಿಸಿ, ಉಳಿದ ಕಾಳಿನ ಚೀಲಗಳ ಜೊತೆಗೇ ಲಾರಿ ಹತ್ತಿದ. ಬೆಟ್ಟದ ಬುಡದ ಶಿಬಿರದಲ್ಲಿ ಸಾಮಾನು ಇಳಿಸುವ ಕೂಲಿಗಳ ಜೊತೆ ಅವನಿಗೆ ಕೆಲಸ ಹಾಕಿದ್ದರು. ಲಾರಿ ತಿರುವು ದಾಟುವವರೆಗೆ ಅವಳು ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಹೊರಗೆ ಬರಲು ಮುಖವಿರಲಿಲ್ಲ.

* * *

ಶಿಬಿರದವರು ಅವಳನ್ನು ಒಂದು ಮಾತೂ ಅನ್ನಲಿಲ್ಲ. ಅದೇ ದೊಡ್ಡ ಶಿಕ್ಷೆಯಾಯಿತು. 'ಪಾಪ, ಅಕ್ಕ ಏನು ಮಾಡ್ತಾರೆ, ಕೊಟ್ಟಿದ್ದೇ ಹುಳುಕು' ಎಂದು ಸಮಾಧಾನ ಹೇಳುತ್ತಿದ್ದರು. ಒಂದೊಂದು ಸಮಾಧಾನವೂ ಉಗುರಿನ ಸಂದಿಗೆ ಚುಚ್ಚಿದ ಸಿಬರಿನಂತೆ ನೋಯುತ್ತಿತ್ತು.

ನಾನು ಸುಳ್ಳು ಹೇಳಿದೆ, ಸರಿ. ಅವನು ಯಾಕೆ ಒಪ್ಪಿಕೊಂಡ? ನನಗೋಸ್ಕರವೇ?... ಹಾಗೆಂದುಕೊಂಡಾಗಲೆಲ್ಲ ಭೂಮಿ ಬಾಯಿಬಿಟ್ಟು ನುಂಗಬಾರದೆ ಎನಿಸುತ್ತಿತ್ತು.

ಐದನೇ ದಿನ ಅವಳ ಅಣ್ಣ ಬಂದ. ಆ ಬೆಟ್ಟಕ್ಕೆ ಸಾಮಾನು ಸಾಗಿಸುವ ಲಾರಿಗಳಲ್ಲಿ ಒಂದನ್ನು ಓಡಿಸುವವನು ಅವನೇ. ಚಹಾ ಕುಡಿಯುತ್ತ, ಬುಡದ ಶಿಬಿರದಲ್ಲಿ ಹೊಟ್ಟೆ ತುಂಬ ಉಂಡು ಬಂದೆ ಎಂದು ಹೇಳಿದ. ಮೇಲಿನಿಂದ ವಾಪಸು ಬಂದ ಕಾಳನ್ನೇ ಅಲ್ಲಿ ಬೇಯಿಸಿದ್ದರಂತೆ. ಬೆಣ್ಣೆಯಂತೆ ಕರಗುತ್ತಿತ್ತಂತೆ.

ಅವಳು ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟು ನೇರ ನರ್ಸಮ್ಮನ ಹತ್ತಿರ ಹೋದಳು. ಕೊನೆಗೂ ಕೇಳಿದಳು. ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ.

ನರ್ಸಮ್ಮ ನಗಲಿಲ್ಲ. ಸೂಜಿ ಕುದಿಸುವ ಪಾತ್ರೆಗೆ ನೀರು ಹಾಕಿ ಒಲೆ ಹಚ್ಚಿದರು. ನೀರು ಬೇಗನೆ ಕುದಿಯಿತು. ಉದ್ದನೆಯ ಥರ್ಮಾಮೀಟರನ್ನು ಅದರಲ್ಲಿ ಅದ್ದಿ, ನೋಡು, ಎಂದು ತೋರಿಸಿದರು. ಎಂಬತ್ತಾರು ಡಿಗ್ರಿ. ಉರಿ ಜೋರು ಮಾಡಿದರು. ಎಂಬತ್ತಾರೇ.

ಅವರು ನಿಧಾನವಾಗಿ ಬಿಡಿಸಿ ಹೇಳಿದರು. "ಕೆಳಗೆ ನಿಮ್ಮೂರಲ್ಲಿ ನೂರರ ಹತ್ತಿರ ಹೋಗುತ್ತೆ. ಇಲ್ಲಿ ಗಾಳಿ ತೆಳು, ನೀರಿನ ಮೇಲೆ ಅದರ ಒತ್ತಡ ಕಡಿಮೆ. ಅದಕ್ಕೇ ಬೇಗ ಕುದಿಯುತ್ತೆ. ಕುದಿದ ಮೇಲೆ ಬಿಸಿ ಏರಲ್ಲ, ಎಷ್ಟು ಉರಿ ಹಾಕಿದ್ರೂ ಅಷ್ಟೇ. ಕುದಿಯೋದು ಬೇರೆ, ಬೇಯೋದು ಬೇರೆ ಕಣಮ್ಮ. ಆರು ವರ್ಷದಿಂದ ಇಲ್ಲಿರೋ ಬೀಗಣ್ಣನಿಗೆ ಇದು ಗೊತ್ತಿತ್ತಲ್ಲ. ನಿನಗೆ ಹೇಳಲಿಲ್ವಾ?"

ಹೇಳಲು ಬಂದಿದ್ದ. ಮುಖದ ಮೇಲೆ ಬಾಗಿಲು ಬಿದ್ದಿತ್ತು.

ಆ ಮಧ್ಯಾಹ್ನ ಊಟದ ಶೆಡ್ಡಿನಲ್ಲಿ ಬಡಿಸುವ ಮೊದಲು ಅವಳು ಸಾಹೇಬರನ್ನೂ ಕರೆಸಿದಳು. ಮೇಜಿನ ಅಂಚು ಹಿಡಿದು ನಿಂತಳು.

"ಕಾಳು ಹಳೇದಾಗಿರಲಿಲ್ಲ. ಚೀಲದ ತಾರೀಕು ನಾನು ನೋಡಿದ್ದೆ. ಬೆಂದಿಲ್ಲ ಅಂತಾನೂ ಗೊತ್ತಿತ್ತು. ಗೊತ್ತಿದ್ದೇ ಬಡಿಸ್ದೆ, ಆಮೇಲೆ ಅವರ ಮೇಲೆ ಹಾಕ್ದೆ."

ಇಬ್ಬರು ಮೂವರು ಎದ್ದು ಹೊರಗೆ ನಡೆದರು. ಅವಳು ತಲೆ ಎತ್ತಲಿಲ್ಲ. ಕೊನೆಗೆ, ಅಂದು ನಾಲ್ವರು ಹೊತ್ತೊಯ್ದಿದ್ದ ಹಿರಿಯ ಎದ್ದು ಅವಳ ಮುಂದೆ ಬಂದು ನಿಂತ.

"ನನ್ನ ಹೊಟ್ಟೆನೋವು ಎರಡು ದಿನಕ್ಕೆ ಹೋಯ್ತು ಮಗಳೇ. ಅವನಿಗೆ ಹತ್ತಿದ ಕೆಟ್ಟ ಹೆಸರು ಹೇಗೆ ಹೋಗುತ್ತೆ, ಅದನ್ನ ನೋಡು," ಎಂದ.

ಸಾಹೇಬರು ಅಲ್ಲೇ ಕೂತು, ಅವನನ್ನು ಮತ್ತೆ ಉಗ್ರಾಣಕ್ಕೆ ಕರೆಸುವ ಕಾಗದ ಬರೆದರು. ಅವಳ ಕೈಗೇ ಕೊಟ್ಟರು. ಅವಳ ಕೆಲಸ ಉಳಿಯುವುದೋ ಇಲ್ಲವೋ ಎನ್ನುವುದನ್ನು ಮರಳಿ ಬಂದ ಮೇಲೆ ನೋಡೋಣ ಎಂದರು.

* * *

ಅಣ್ಣನ ಲಾರಿಯಲ್ಲಿ ಇಳಿಯುವಾಗ ಅವಳ ಕಿವಿ ಗುಂಯ್‌ಗುಟ್ಟಿ ಮುಚ್ಚಿಕೊಂಡಿತು. ಬೆಟ್ಟದ ಮೇಲೆ ನೀರು ಕುಡಿದು ಬಿರಡೆ ಬಿಗಿದಿಟ್ಟ ಖಾಲಿ ಪ್ಲಾಸ್ಟಿಕ್ ಬಾಟಲಿ ತಿರುವಿನಿಂದ ತಿರುವಿಗೆ ತಾನಾಗಿಯೇ ಹಿಸುಕಿದಂತೆ ಸೊಟ್ಟಗಾಗುತ್ತ ಬಂತು. ಅವಳು ಅದನ್ನು ಕೈಯಲ್ಲಿ ಹಿಡಿದು ನೋಡುತ್ತಲೇ ಇದ್ದಳು. ಕಣ್ಣಿಗೆ ಕಾಣದ ಗಾಳಿಗೆ ಇಷ್ಟು ಭಾರವೇ...

ಅಣ್ಣ, ಕಾಗದವನ್ನು ಟಪಾಲಿಗೆ ಹಾಕಿದ್ದರೂ ಆಗುತ್ತಿತ್ತಲ್ಲ, ನೀನೇ ಹೊರಟಿದ್ದು ಯಾಕೆ, ಎಂದು ಕೇಳಿದ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವನಿಗೆ ಅಷ್ಟು ಸಾಕಾಯಿತು.

"ಎಲ್ರೂ ಅವನನ್ನ ಬೀಗಣ್ಣ ಅಂತಾರೆ. ನನಗೆ ಮಾತ್ರ ಅವನು ಬೀಗ ಆಗಲ್ಲ ಬಿಡು, ಭಾವ ಆಗ್ತಾನೆ," ಎಂದು ರಸ್ತೆ ನೋಡುತ್ತಲೇ ನಕ್ಕ. ಆರು ದಿನಗಳ ಮೇಲೆ ಮೊದಲ ಸಲ ಅವಳ ತುಟಿ ಸಡಿಲವಾಯಿತು. ಮರುಕ್ಷಣವೇ ಬಿಗಿಯಿತು. ಅವನು ಮುಖ ತಿರುಗಿಸಿಕೊಂಡರೆ?

ಬುಡದ ಶಿಬಿರದ ಅಂಗಳದಲ್ಲಿ ಅವನು ಸಿಮೆಂಟಿನ ಚೀಲ ಇಳಿಸುತ್ತಿದ್ದ. ಹುಬ್ಬಿನವರೆಗೂ ಬೂದುಬಣ್ಣದ ಪುಡಿ. ಅವಳನ್ನು ಕಂಡು ಚೀಲವನ್ನು ಅಲ್ಲೇ ಇಳಿಸಿ ಕೈ ಒರೆಸಿಕೊಂಡ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಅವಳಿಗೆ ಮರೆತುಹೋಯಿತು. ಕಾಗದ ಚಾಚಿದಳು. ಊಟದ ಶೆಡ್ಡಿನಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದಳು. ಇಲ್ಲಿ ಅದು ಹತ್ತು ಪಟ್ಟು ಕಷ್ಟವಾಯಿತು.

ಅವನು ಕಾಗದ ಓದಿ ಮಡಚಿದ. ಆದರೆ ಮುಖದಲ್ಲಿ ಸಂತೋಷವಿರಲಿಲ್ಲ.

"ಉಗ್ರಾಣದ ಹಿಂದಿನ ಗೋಡೆ ಹತ್ತಿರ, ಟಾರ್ಪಾಲಿನ ಕೆಳಗೆ ಎರಡು ಪೆಟ್ಟಿಗೆ ಇವೆ. ನೋಡಿದ್ರಾ?"

"ಇಲ್ಲ."

"ದೊಡ್ಡ ಪ್ರೆಷರ್ ಕುಕ್ಕರ್‌ಗಳು. ಗಾಳಿ ಕೊಡದ ಒತ್ತಡ ಅದು ಕೊಡುತ್ತೆ, ಅಲ್ಲೂ ಕಾಳು ಬೇಯುತ್ತೆ. ಹಳೇವು ಕೆಟ್ಟುಹೋಗಿದ್ವು, ನಾನೇ ಬರೆದು ತರಿಸಿದ್ದು. ನೀವು ಬಂದ ಮೂರನೇ ದಿನ ಬಂದ್ವು."

ಅವಳು ಬೆರಳು ಮಡಚಿ ದಿನ ಎಣಿಸತೊಡಗಿದಳು.

"ಹಿಂದಿನ ದಿನ ಎಲ್ರೂ ನಕ್ಕಿದ್ರಲ್ಲ..." ಅವನ ಕಿವಿ ಮತ್ತೆ ಕೆಂಪಾಗುತ್ತಿತ್ತು. "ನೀವೇ ಬಂದು ಕೇಳಿದ ಮೇಲೆ ಕೊಡೋಣ ಅಂತ ಇಟ್ಕೊಂಡೆ. ಹದಿನೆಂಟು ದಿನ. ಅಷ್ಟರಲ್ಲಿ ಹನ್ನೊಂದು ಜನ ಮಲಗಿದ್ರು. ನನ್ನ ತಪ್ಪು ಅಂದಿದ್ದು ನಿಮ್ಮನ್ನ ಉಳಿಸೋಕಲ್ಲ. ನಿಜವಾಗ್ಲೂ ನನ್ನದೂ ತಪ್ಪಿತ್ತು. ಆದ್ರೆ ಕುಕ್ಕರ್ ವಿಷಯ ಬಾಯಿ ಬಿಡೋಕೆ ಧೈರ್ಯ ಬರಲಿಲ್ಲ."

ಮೊದಲು ಅವಳಿಗೆ ಸಿಟ್ಟು ಬಂತು. ಅವನನ್ನು ಹಿಡಿದು ಅಲ್ಲಾಡಿಸಬೇಕು ಎನ್ನುವಷ್ಟು! ಆರು ದಿನ ಅವನನ್ನು ದೇವರ ಪಕ್ಕದಲ್ಲಿ ಕೂರಿಸಿ, ತಾನು ನೆಲಕ್ಕೆ ಇಳಿದುಹೋಗಿದ್ದಳು. ಈಗ ನೋಡಿದರೆ ಅವನೂ ತನ್ನಂತೆಯೇ ಮಾನಕ್ಕೆ ಹೆದರಿ, ಮಾನವನ್ನೇ ಕಳೆದುಕೊಂಡ ಮನುಷ್ಯ. ಸಿಮೆಂಟು ಮೆತ್ತಿದ ಆ ಮುಖ ನೋಡುತ್ತ ನೋಡುತ್ತ ಸಿಟ್ಟು ಇಳಿಯಿತು. ಕಣ್ಣೀರು ಬಂತು. ಅದರ ಜೊತೆಗೇ ನಗುವೂ.

"ನಿಮ್ಮ ಬೀಗದ ಕೈ ಸದ್ದಾದ್ರೆ ನಾನು ಒಲೆ ಬಿಟ್ಟು ಬಾಗಿಲಿಗೆ ಬರ್ತಿದ್ದೆ," ಎಂದಳು. "ಬಂದು ಮುಖ ಗಂಟು ಹಾಕ್ಕೊಂಡು ನಿಲ್ತಿದ್ದೆ."

"ಗೊತ್ತು. ಆ ಗಂಟುಮುಖ ನೋಡೋಕೇ ಕೆಲಸ ಇಲ್ಲದಿದ್ರೂ ಆ ದಾರೀಲಿ ಹೋಗ್ತಿದ್ದೆ."

ಅಂಗಳದಾಚೆ ಅಣ್ಣ ಲಾರಿಯ ಟೈರನ್ನು ಒದ್ದು ನೋಡುತ್ತಿದ್ದ. ಆಗಲೇ ಮೂರು ಸಲ ಒದ್ದಿದ್ದ ಟೈರು ಅದು.

"ಬರ್ತೀರಾ ಮೇಲಕ್ಕೆ?" ಅವಳು ಕೇಳಿದಳು.

ಅವನು ಕಾಗದವನ್ನು ಜೇಬಿಗಿಟ್ಟುಕೊಂಡ. "ಬರ್ತೀನಿ. ಆದ್ರೆ ಹೋದ ತಕ್ಷಣ ಅದೇ ಶೆಡ್ಡಲ್ಲಿ ನಿಂತು ಕುಕ್ಕರ್ ವಿಷಯ ನಾನೂ ಹೇಳ್ಬೇಕು. ಅರವತ್ತು ಜನರ ಮುಂದೆ."

"ನಾಚಿಕೆ ಆಗುತ್ತೆ. ಮೇಜು ಹಿಡ್ಕೊಂಡೇ ನಿಲ್ಬೇಕಾಗುತ್ತೆ. ನನಗೆ ಗೊತ್ತು."

"ಅದಕ್ಕೇ ಕೇಳ್ತೀನಿ. ನೀವು ಪಕ್ಕದಲ್ಲಿ ನಿಂತ್ಕೋತೀರಾ?"

ಅವಳು ಸೆರಗಿನ ತುದಿಯಿಂದ ಅವನ ಹುಬ್ಬಿನ ಮೇಲಿನ ಪುಡಿ ಒರೆಸಿದಳು. ಅಂಗಳದಲ್ಲಿ ಜನರಿದ್ದರು. ಇರಲಿ ಎನಿಸಿತು.

"ನಿಂತ್ಕೋತೀನಿ."

"ಹೇಳಿ ಮುಗಿಸೋವರೆಗಾ?"

"ಮುಗಿದ ಮೇಲೂ..."