ಇಲಿಯಲ್ಲ, ಎತ್ತು

"ಕಾರು ತೆಗೀರಿ!"

ಪ್ರಣತಿ ತಟ್ಟೆಯಿಂದ ತಲೆ ಎತ್ತಿದಳು. ಎದುರಿಗೆ ನಿಂತವನ ಹೆಗಲಲ್ಲಿ ಬ್ಯಾಗು, ಮುಖದ ತುಂಬ ಸಿಡುಕು. ಅಡಿಲೇಡ್‌ನ ಗ್ಲೆನೆಲ್ಗ್‌ನಲ್ಲಿ ಗೆಳತಿ ಶ್ರೀಜಾಳ ಮನೆಯ ಯುಗಾದಿ ಊಟ ಅದು. ಪ್ರಣತಿಯ ಬಾಡಿಗೆ ಕಾರು, ಅವನನ್ನು ವಿಮಾನ ನಿಲ್ದಾಣಕ್ಕೆ ಬಿಡಬೇಕಿದ್ದ ಶ್ರೀಜಾಳ ಕಾರಿಗೆ ಅಡ್ಡ ನಿಂತಿತ್ತು.

"ಕೇಳೋ ರೀತಿನಾ ಇದು? ಒಂದು ಪ್ಲೀಸ್ ಇಲ್ವಾ?"

"ಫ್ಲೈಟ್ ಐತ್ರಿ ನಂದು. ಕಾರು ತೆಗೀರಿ."

ಅವನು ಪ್ಲೀಸ್ ಅನ್ನಲಿಲ್ಲ. ಅವಳು ಕೀ ತೆಗೆಯಲಿಲ್ಲ. ಇಬ್ಬರ ಹಟದ ನಡುವೆ ಪರ್ತ್‌ನ ವಿಮಾನ ಹೊರಟೇಹೋಯಿತು! ಕೊನೆಗೆ ಸಂಜೆಯ ವಿಮಾನಕ್ಕೆ ಅವನನ್ನು ಬಿಟ್ಟುಬರಲು ಹೋದವಳೂ ಅವಳೇ. ದಾರಿಯುದ್ದಕ್ಕೂ ಜಗಳ, ಇಳಿಯುವಾಗ ಫೋನ್ ನಂಬರ್. 2013ರ ಏಪ್ರಿಲ್‌ನಲ್ಲಿ ಶುರುವಾದದ್ದು ಹೀಗೆ.

ಅವನು ಈರಣ್ಣ. ಗದಗದ ಕಡೆಯವನು, ಭೂವಿಜ್ಞಾನಿ. ಎರಡು ವಾರ ಗಣಿಯಲ್ಲಿ, ಒಂದು ವಾರ ಪರ್ತ್‌ನ ಕ್ಯಾನಿಂಗ್ ವೇಲ್ ಮನೆಯಲ್ಲಿ. ಅವಳು ಮೈಸೂರಿನವಳು. ಬ್ರಿಸ್ಬೇನ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ಕ್ಯಾಲಮ್‌ವೇಲ್‌ನಲ್ಲಿ ಲಿಮ್ ಆಂಟಿಯ ಮನೆಯ ಹಿಂಭಾಗದಲ್ಲಿ ಬಾಡಿಗೆಗೆ ವಾಸ. ನಡುವೆ ಇಡೀ ಒಂದು ಖಂಡ. ಆದರೂ ವರ್ಷ ತುಂಬುವಷ್ಟರಲ್ಲಿ, ಅವನ ಫೋನ್ ಬರದ ದಿನ ಅವಳಿಗೆ ಊಟ ರುಚಿಸುತ್ತಿರಲಿಲ್ಲ.

ಮರುವರ್ಷ ಅಮ್ಮ ವನಜಾ ಮೂರು ತಿಂಗಳಿಗೆಂದು ಬ್ರಿಸ್ಬೇನ್‌ಗೆ ಬಂದಾಗ ತೊಡಕು ಶುರುವಾಯಿತು.

"ಹುಟ್ಟಿದ ಗಳಿಗೆ ಗೊತ್ತಿಲ್ಲ, ಜಾತಕ ಇಲ್ಲ! ಏನು ನೋಡಿ ಮಗಳನ್ನ ಕೊಡ್ಲಿ ನಾನು?"

ಪರಿಹಾರ ಹೇಳಿದವರು ಲಿಮ್ ಆಂಟಿ. ಮಲೇಷ್ಯಾದಿಂದ ಬಂದು ನೆಲೆಸಿದ ಚೀನೀ ಹೆಂಗಸು. ಅವರ ಲೆಕ್ಕಕ್ಕೆ ಗಳಿಗೆ ಬೇಡ, ವರ್ಷ ಸಾಕು. ಒಂದೊಂದು ವರ್ಷಕ್ಕೆ ಒಂದೊಂದು ಪ್ರಾಣಿ. ಪ್ರಣತಿ ಹುಟ್ಟಿದ್ದು 1985ರ ಅಕ್ಟೋಬರ್‌ನಲ್ಲಿ, ಅಂದರೆ ಎತ್ತು. ಈರಣ್ಣನ ಪಾಸ್‌ಪೋರ್ಟ್‌ನಲ್ಲಿ 1984ರ ಜೂನ್ ಒಂದು ಎಂದಿತ್ತು, ಅಂದರೆ ಇಲಿ.

"ಇಲಿ, ಎತ್ತು... ಇದಕ್ಕಿಂತ ಒಳ್ಳೆಯ ಜೋಡಿಯೇ ಇಲ್ಲ! ಎರಡೂ ಎತ್ತಾಗಿದ್ದರೆ ಕಷ್ಟವಿತ್ತು. ಎರಡೂ ಹಟಮಾರಿ, ಯಾರೂ ಮೊದಲು ಸೋಲುವುದಿಲ್ಲ." ಲಿಮ್ ಆಂಟಿಯ ಇಂಗ್ಲಿಷನ್ನು ಪ್ರಣತಿಯೇ ಅಮ್ಮನಿಗೆ ಕನ್ನಡದಲ್ಲಿ ಹೇಳಿದಳು.

ವನಜಾಗೂ ಒಪ್ಪಲು ಒಂದು ನೆಪ ಬೇಕಿತ್ತೋ ಏನೋ. "ಯಾವ ದೇಶದ್ದಾದ್ರೇನು, ಜಾತಕ ಜಾತಕಾನೇ. ನಾನು ಒಪ್ಪಿದೆ!" ಎಂದುಬಿಟ್ಟರು.

ಪ್ರಣತಿ ಕುಣಿಯುತ್ತ ಫೋನ್ ಮಾಡಿ ಎಲ್ಲ ಹೇಳಿದಾಗ, ಆ ಕಡೆಯಿಂದ "ಹೌದಾ..." ಎಂದಷ್ಟೇ ಬಂತು. ಗಣಿಯಲ್ಲಿ ಸಿಗ್ನಲ್ ಸರಿಯಿಲ್ಲ ಅಂದುಕೊಂಡಳು, ಪಾಪ!

2014ರ ಜೂನ್ ಒಂದು, ಭಾನುವಾರ. ಹೇಳದೆ ಕೇಳದೆ ಪರ್ತ್‌ಗೆ ಹಾರಿ ಅವನ ಮನೆಯ ಬಾಗಿಲು ತಟ್ಟಿದಳು. ಕೈಯಲ್ಲಿ ಮೂವತ್ತು ಎಂದು ಬರೆಸಿದ ಕೇಕ್.

"ಹ್ಯಾಪಿ ಬರ್ತ್‌ಡೇ!"

ಈರಣ್ಣನ ಮುಖ ಬಿಳಿಚಿಕೊಂಡಿತು. "ಪ್ರಣತಿ... ಇವತ್ತು ನಾ ಹುಟ್ಟಿದ ದಿನ ಅಲ್ಲ."

"ಪಾಸ್‌ಪೋರ್ಟಲ್ಲಿ ಇದೇ ಇದೆಯಲ್ಲ?"

"ಅದು ಮಾಸ್ತರ್ ಬರೆದಿದ್ದು. ಸಾಲಿಗೆ ಸೇರ್ಸಾಕ ವಯಸ್ಸು ಸಾಲ್ಲಿಲ್ಲ ಅಂತ ಒಂದು ವರ್ಷ ಹೆಚ್ಚಿಗಿ ಹಾಕಿ, ಜೂನ್ ಒಂದು ಅಂತ ಬರೆದ್ರು. ನಮ್ಮ ಕ್ಲಾಸ್‌ನ್ಯಾಗ ಅರ್ಧ ಮಂದಿ ಜೂನ್ ಒಂದಕ್ಕ ಹುಟ್ಟ್ಯಾರ! ನಾ ಖರೇ ಹುಟ್ಟಿದ್ದು ಎಂಬತ್ತೈದರ ಶ್ರಾವಣದಾಗ."

ಎಂಬತ್ತೈದು! ಅಂದರೆ ಅವನೂ ಎತ್ತೇ.

ಎತ್ತು, ಇಲಿಗಳ ಮೇಲೆ ಪ್ರಣತಿಗೆ ನಂಬಿಕೆ ಅಷ್ಟಕ್ಕಷ್ಟೇ. ಅವಳಿಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ.

"ಅಮ್ಮ ಒಪ್ಪಿದ್ದೇ ಆ ವರ್ಷ ನೋಡಿ. ಇಷ್ಟು ದಿನದಲ್ಲಿ ಒಂದ್ಸಲ ಬಾಯಿ ಬಿಡಬಾರ್ದಿತ್ತಾ?"

"ಹೇಳಿದ್ರ ಒಪ್ತಿದ್ರೇನು?"

"ಅಂದ್ರೆ ನಮ್ಮಮ್ಮಂಗೆ ಮೋಸ ಮಾಡಿ ನನ್ನ ಮದುವೆ ಆಗ್ತಿದ್ದೆ!"

"ಮೋಸ ಅನ್ನಬ್ಯಾಡ."

"ಇನ್ನೇನಂತಾರೆ ಅದಕ್ಕೆ?"

ಅವಳು ಕೇಕನ್ನು ಮೆಟ್ಟಿಲ ಮೇಲಿಟ್ಟು, ಬಂದ ಟ್ಯಾಕ್ಸಿಯಲ್ಲೇ ಹಿಂತಿರುಗಿದಳು.

ಆಮೇಲೆ ಫೋನ್ ಇಲ್ಲ, ಮೆಸೇಜ್ ಇಲ್ಲ. 'ತಪ್ಪು ಅವನದು, ಅವನೇ ಮಾಡಲಿ' ಎಂದು ಇವಳು. 'ಮೋಸಗಾರ ಅಂದವಳು ಅವಳು, ಅವಳೇ ಮಾಡಲಿ' ಎಂದು ಅವನು. ಲಿಮ್ ಆಂಟಿ ಹೇಳಿದ್ದು ಇದನ್ನೇ ಅಲ್ಲವೇ! ಹೀಗೆ ಹತ್ತೊಂಬತ್ತು ದಿನ ಕಳೆದವು.

ಅಷ್ಟರಲ್ಲಿ ಮೈಸೂರಿಗೆ ಮರಳಿದ್ದ ವನಜಾ ಛತ್ರ ಹುಡುಕುತ್ತಿದ್ದರು. "ಜನವರಿಗೆ ಸಿಗುತ್ತಂತೆ ಕಣೆ, ಹಿಡಿದುಬಿಡ್ಲಾ?" ಎಂದು ಕೇಳಿದಾಗಲೆಲ್ಲ ಪ್ರಣತಿ "ಹೂಂ" ಎನ್ನುತ್ತಿದ್ದಳು. ನಿಜ ಹೇಳಲು ಬಾಯಿ ಬರುತ್ತಿರಲಿಲ್ಲ. ಹೇಳಿದರೆ ಅಮ್ಮ ಬೇಡವೆಂದುಬಿಟ್ಟರೆ?

ಇಪ್ಪತ್ತನೆಯ ದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಅವಳಿಗೆ ಥಟ್ಟನೆ ಹೊಳೆಯಿತು. 'ಅವನು ಮುಚ್ಚಿಟ್ಟದ್ದನ್ನೇ ನಾನೂ ಮುಚ್ಚಿಡ್ತಿದ್ದೀನಲ್ಲ... ಅವನಿಗೂ ಇದೇ ಹೆದರಿಕೆ ಇದ್ದಿರಬೇಕು!' ಕಣ್ಣು ತುಂಬಿ ಬಂತು. ಬಾಯಿ ಮುಕ್ಕಳಿಸಿ ನೇರ ಅಮ್ಮನಿಗೆ ಫೋನ್ ಮಾಡಿದಳು. ಒಂದೇ ಉಸಿರಿಗೆ ಎಲ್ಲ ಹೇಳಿ ಕಣ್ಣು ಮುಚ್ಚಿಕೊಂಡಳು.

"ಗೊತ್ತು ಕಣೆ," ಅಂದರು ವನಜಾ. "ನಿನ್ನೆ ಈರಣ್ಣ ಫೋನ್ ಮಾಡಿದ್ದ."

"ಏನು?!"

"ಕೇಳಿ ಮೊದಲು ಮೈ ಉರೀತು. ಆಮೇಲೆ ಯೋಚನೆ ಮಾಡ್ದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಇವನಿಗೆ ಒಂದು ಸುಳ್ಳನ್ನೂ ಅರಗಿಸಿಕೊಳ್ಳೋಕಾಗ್ಲಿಲ್ಲ. ನಿನ್ನನ್ನ ಇಂಥವನಿಗೇ ಕೊಡ್ಬೇಕು."

"ಎರಡೂ ಎತ್ತಾಯ್ತಲ್ಲಮ್ಮ..."

"ಆಗ್ಲಿ ಬಿಡು. ಎತ್ತಿನ ಪಕ್ಕ ಇಲಿ ಕಟ್ಟಿ ಯಾರಾದ್ರೂ ಹೊಲ ಉಳ್ತಾರಾ? ನೊಗಕ್ಕೆ ಜೋಡಿ ಎತ್ತೇ ಬೇಕು!"

ಪ್ರಣತಿ ಅಳುತ್ತಲೇ ನಕ್ಕಳು.

"ಅಡಿಲೇಡಲ್ಲಿ ಶ್ರೀಜಾ ಮನೇಲಿದ್ದಾನಂತೆ. ಅರ್ಧ ದಾರಿ ಬಂದಿದ್ದೀನಿ, ಇನ್ನರ್ಧ ಅವಳು ಬರ್ಲಿ ಅಂದ. ಹೋಗ್ತೀಯೋ, ಮುಖ ಊದಿಸ್ಕೊಂಡು ಅಲ್ಲೇ ಕೂತಿರ್ತೀಯೋ?"

ನಕ್ಷೆ ನೋಡಿದರೆ ಅವನು ಬಂದದ್ದು ಅರ್ಧಕ್ಕಿಂತ ಜಾಸ್ತಿಯೇ. ಪ್ರಣತಿ ನಕ್ಷೆ ನೋಡಲಿಲ್ಲ. ಸಿಕ್ಕ ಮೊದಲ ವಿಮಾನ ಹತ್ತಿದಳು.

ಸಂಜೆ ಗ್ಲೆನೆಲ್ಗ್‌ನಲ್ಲಿ ಕಡಲೊಳಗೆ ಚಾಚಿದ ಜೆಟ್ಟಿಯ ಮೇಲೆ ಥಂಡಿ ಗಾಳಿ. ಈರಣ್ಣ ಕಂಬಿ ಹಿಡಿದು ಸಮುದ್ರ ನೋಡುತ್ತಿದ್ದ.

"ಅರ್ಧಕ್ಕೇ ಯಾಕೆ ನಿಂತೆ?"

ಅವನು ತಿರುಗಿದ. ಮೂರು ವಾರಕ್ಕೇ ಕೆನ್ನೆ ಒಳಗೆ ಹೋಗಿತ್ತು.

"ಬ್ರಿಸ್ಬೇನ್‌ಗೇ ಟಿಕೆಟ್ ಮಾಡ್ಸಿದ್ದೆ. ಇಲ್ಲಿಗೆ ಬಂದ ಮ್ಯಾಲ ಧೈರ್ಯ ಸಾಲ್ಲಿಲ್ಲ."

"ಹಟ ಅಂದ್ಕೊಂಡಿದ್ದೆ ನಾನು!"

"ನಿಮ್ಮಮ್ಮಗ ಹಂಗ ಹೇಳ್ದೆ. ಖರೇ ಅಂದ್ರ ಹೆದರಿಕಿ. ಜಾತಕ ಇಲ್ಲ, ಹುಟ್ಟಿದ ತಾರೀಖೂ ಸುಳ್ಳು... ನೀ ಬ್ಯಾಡ ಅಂದುಬಿಟ್ರ ಅಂತ. ನಿನ್ನ ಬಿಟ್ಟು ಇರಾಕ ಆಗಂಗಿಲ್ಲ ಪ್ರಣತಿ. ತಪ್ಪಾತು."

ಅವಳು ಅವನ ತಣ್ಣಗಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಾನೂ ಅಮ್ಮಂಗೆ ಹೇಳ್ದೆ ಮುಚ್ಚಿಟ್ಟಿದ್ದೆ ಕಣೋ. ಅದೇ ಹೆದರಿಕೆಗೆ."

ಈರಣ್ಣ ಅವಳತ್ತ ಸರಿದು ನಿಂತ.

"ನಾ ಬ್ರಿಸ್ಬೇನ್‌ಗೇ ಬಂದಿದ್ರ, ಬಾಗಲಾ ಹಾಕ್ತಿದ್ದ್ಯೇನು?"

"ಹಾಕ್ತಿದ್ದೆ."

ಈರಣ್ಣ ತಲೆ ತಗ್ಗಿಸಿದ. ಪ್ರಣತಿ ಅವನ ಹೆಗಲಿಗೆ ತಲೆಯಾನಿಸಿದಳು.

"ಚಿಲಕ ಹಾಕ್ತಿರ್ಲಿಲ್ಲ..."